ರಾಕ್ ಕಚೇರಿಗಳ ಧ್ವನಿಮುದ್ರಣವೂ ಅದರ ವಿನಿಮಯ ಪರಂಪರೆಯೂ

ಕಚೇರಿ ಮುಗಿದು ಜನರೆಲ್ಲ ಮನೆಗಳಿಗೆ ತೆರಳಿದ ಮೇಲೂ ಅದನ್ನು ಕಳೆದುಕೊಳ್ಳಲೊಪ್ಪದ ರಸಿಕರು, ಧ್ವನಿಗ್ರಾಹಕ ಯಂತ್ರವು ಮನೆಮನೆಗೆ ಬರುವುದಕ್ಕೆ ಬಹಳ ಮೊದಲೇ ಇದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಭವನದ ಗ್ರಂಥಪಾಲಕರಾಗಿದ್ದ ಲಯನೆಲ್ ಮೇಪಲ್‌ಸನ್ ಎಂಬವರು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ರಂಗಸ್ಥಳದ ಮೇಲ್ಗಡೆಯ ಅಟ್ಟದಲ್ಲಿ ಎಡಿಸನ್ ಫೋನೋಗ್ರಾಫನ್ನಿಟ್ಟು, ಕೆಳಗೆ ನಡೆಯುತ್ತಿದ್ದ ಗಾಯನವನ್ನು ಸಣ್ಣ ಸಣ್ಣ ತುಣುಕುಗಳಾಗಿ ಮೇಣದ ಉರುಳೆಗಳ ಮೇಲೆ ಹಿಡಿದಿಟ್ಟರು. ಝಾನ್ ದ ರೆಸ್ಕೆಯೆಂಬ ಮಹಾಗಾಯಕನ ಕಂಠವು ಇಂದು ನಮಗೆ ಕೇಳಿಬರುವುದು, ಕೆರೆತದ ಸದ್ದಿನ ಹಿಂದೆ ಮಸುಕುಮಸುಕಾಗಿಯಾದರೂ, ಆ ಉರುಳೆಗಳಲ್ಲಿ ಮಾತ್ರ. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೊಫೋನ್ ವಾದಕರು 1947-48ರಲ್ಲಿ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕ್ಲಬ್ಬುಗಳಿಗೆ ಯಂತ್ರವನ್ನು ಹೊತ್ತು ಹೋಗಿ, ಪಾರ್ಕರರ ಏಕವಾದನವನ್ನಷ್ಟೇ ಮುದ್ರಿಸಿ, ಉಳಿದವರು ನುಡಿಸತೊಡಗಿದೊಡನೆ ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದರು. ಆ ಮುದ್ರಣಗಳು ಸಾರ್ವಜನಿಕರಿಗೆ ದೊರೆತುದು 1990ರಲ್ಲಿ. ಲಿವರ್‌ಪೂಲಿನ ವೂಲ್ಟನ್ ಚರ್ಚಿನ ಉತ್ಸವದಲ್ಲಿ 1957ರ ಜುಲೈ 6ರಂದು, ಎಂದರೆ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಪ್ರಥಮವಾಗಿ ಸಂಧಿಸಿದ ದಿನವೇ, ಲೆನನ್ನರ ತಂಡವಾದ ಕ್ವಾರಿಮೆನ್ ಹಾಡಿದುದನ್ನು ಸಭಿಕರಲ್ಲೊಬ್ಬರು ಗ್ರುಂಡಿಗ್ ಯಂತ್ರದಲ್ಲಿ ಮುದ್ರಿಸಿದ್ದರು. ಆ ಟೇಪು 1994ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು.

ಇವೆಲ್ಲ ಬಿಡಿವ್ಯಕ್ತಿಗಳ ಸಾಹಸಗಳು. ನಿಯಮ, ನೀತಿ, ಪರಿಭಾಷೆ, ವಿದ್ವತ್ತು ಎಂಬೀ ಅಂಗಗಳುಳ್ಳ ಪರಂಪರೆಯಾಗಿ ಧ್ವನಿಮುದ್ರಣಗಳ ಸಂಗ್ರಹವೂ ವಿನಿಮಯವೂ ಬೆಳೆದುದು ರಾಕ್ ಸಂಗೀತದೊಡನೆ. ಅದಕ್ಕೆ ಕಾರಣವು ಆ ಸಂಗೀತದ ಸ್ವಭಾವದಲ್ಲಿಯೇ ಇದೆ. ಅರುವತ್ತರ ದಶಕದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಶ್ರೇಷ್ಠ ತಂಡಗಳು ಸ್ಟುಡಿಯೋದಲ್ಲಿ ನಾಲ್ಕೈದು ನಿಮಿಷಕ್ಕೆ ಕಟ್ಟಿದ ಹಾಡನ್ನು ವೇದಿಕೆಯ ಮೇಲೆ ಇಪ್ಪತ್ತು ನಿಮಿಷಗಳವರೆಗೂ ಬೆಳೆಸತೊಡಗಿದ್ದುವು. ನಮ್ಮ ಗಾಯಕರ ಕಲ್ಯಾಣಿಯು ಎರಡು ಸಂಜೆ ಒಂದೇ ಆಗಿರದಂತೆ, ಆ ಹಾಡೂ ಎರಡು ರಾತ್ರಿ ಒಂದೇ ಆಗಿರುತ್ತಿರಲಿಲ್ಲ. ಒಂದು ಪಾರ್ಶ್ವದಲ್ಲಿ ಹೆಚ್ಚೆಂದರೆ ಇಪ್ಪತ್ತೈದು ನಿಮಿಷ ಹಿಡಿಯುವ, ವರ್ಷಕ್ಕೊಂದರಂತೆ ಹೊರಡುವ ಧ್ವನಿಮುದ್ರಿಕೆಯಾದರೋ ಈ ಸಮೃದ್ಧಿಯ ಅಲ್ಪಾಂಶವನ್ನು ಮಾತ್ರ ಉಳಿಸಬಲ್ಲುದಾಗಿತ್ತು. ಉಳಿದುದನ್ನು ಉಳಿಸುವ ಭಾರವು ಶ್ರೋತೃಗಳ ಮೇಲೆ ಬಿದ್ದಿತು. ಅವರು ಅದನ್ನು ಹೊತ್ತರು.

ಆದರೆ ಈ ಕ್ಷೇತ್ರವು ಜಗತ್ತಿನ ಕಣ್ಣಿಗೆ ಮೊದಲು ಬಿದ್ದುದು ವ್ಯಾಪಾರದ ರೂಪದಲ್ಲಿ. 1969ರ ಬೇಸಗೆಯಲ್ಲಿ ಲಾಸ್ ಏಂಜಲೀಸ್ ನಗರದ ಅಂಗಡಿಗಳಲ್ಲಿ, ಹೆಸರಿಲ್ಲದ ಬಿಳಿಯ ಹೊದಿಕೆಯ ಜೋಡಿ ರೆಕಾರ್ಡೊಂದು ಕಾಣಿಸಿಕೊಂಡಿತು. ಬಾಬ್ ಡಿಲನ್ ಖಾಸಗಿಯಾಗಿ ಹಾಡಿದ್ದ, ಕಂಪೆನಿಯು ಪ್ರಕಟಿಸದೆ ಬಿಟ್ಟಿದ್ದ ಹಾಡುಗಳು ಅದರಲ್ಲಿದ್ದುವು. 'ಗ್ರೇಟ್ ವೈಟ್ ವಂಡರ್' ಎಂದು ಹೆಸರಾದ ಆ ಮುದ್ರಿಕೆಯೇ ರಾಕ್ ಲೋಕದ ಮೊದಲನೆಯ ಗುಪ್ತಮುದ್ರಿಕೆ, ಎಂದರೆ ಬೂಟ್‌ಲೆಗ್. ಅದೇ ವರ್ಷ ನವೆಂಬರ್ 9ರಂದು ಓಕ್ಲೆಂಡಿನಲ್ಲಿ ರೋಲಿಂಗ್ ಸ್ಟೋನ್ಸ್ ನೀಡಿದ ಕಚೇರಿಯನ್ನು ಸಭೆಯ ನಡುವಿನಿಂದ ಮುದ್ರಿಸಿ, ಕೆಲವೇ ವಾರಗಳಲ್ಲಿ ಇನ್ನೊಂದು ಗುಪ್ತಮುದ್ರಿಕೆಯನ್ನು ಹೊರಡಿಸಿದರು. ಅದರ ಧ್ವನಿಯು ಎಷ್ಟು ಸ್ಫುಟವಾಗಿದ್ದಿತೆಂದರೆ, ಆ ಪ್ರವಾಸದ ಅಧಿಕೃತ ಮುದ್ರಿಕೆಯು ಮರುವರ್ಷ ಸೆಪ್ಟೆಂಬರಿನಲ್ಲಿ ಬರುವ ವೇಳೆಗೆ ಹೋಲಿಕೆಯ ಮಾನದಂಡವೊಂದು ಆಗಲೇ ರಸಿಕರ ಕೈಯಲ್ಲಿದ್ದಿತು. 'ದಿ ಹೂ' ತಂಡವು 1970ರಲ್ಲಿ ಲೀಡ್ಸ್ ವಿಶ್ವವಿದ್ಯಾನಿಲಯದ ತನ್ನ ಕಚೇರಿಯನ್ನು ಪ್ರಕಟಿಸುವಾಗ, ಕಂದುಬಣ್ಣದ ಒರಟು ಹೊದಿಕೆಯ ಮೇಲೆ ರಬ್ಬರ್ ಮುದ್ರೆಯೊತ್ತಿದಂತೆ ಹೆಸರನ್ನು ಅಚ್ಚುಹಾಕಿಸಿ, ಗುಪ್ತಮುದ್ರಿಕೆಯ ವೇಷವನ್ನೇ ಅನುಸರಿಸಿತು. ಲೆಡ್ ಜೆಪೆಲಿನ್ ತಂಡದ ವ್ಯವಸ್ಥಾಪಕ ಪೀಟರ್ ಗ್ರಾಂಟರದು ಬೇರೆಯೇ ಮಾರ್ಗ: ಸಭೆಯಲ್ಲಿ ಕಂಡ ಯಂತ್ರಗಳನ್ನು ಅವರು ಒಡೆದುಹಾಕಿಸುತ್ತಿದ್ದರು. ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದಿ ಮೂನ್' 1973ರ ಮಾರ್ಚಿನಲ್ಲಿ ಬಿಡುಗಡೆಯಾಗುವುದಕ್ಕೆ ಒಂದು ವರ್ಷ ಮುಂಚೆಯೇ, ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಅದನ್ನು ನುಡಿಸಿದಾಗಿನ ಮುದ್ರಣವು ಅಂಗಡಿಗಳಲ್ಲಿ ಮಾರಾಟವಾಯಿತು.

ನ್ಯಾಯಶಾಸನವು ಈ ವೇಗಕ್ಕೆ ಹಿಂದೆ ಬಿದ್ದಿತು. ಅಮೆರಿಕದ ಕೇಂದ್ರ ಕಾನೂನು ಧ್ವನಿಮುದ್ರಣಗಳಿಗೆ ರಕ್ಷಣೆಯಿತ್ತುದು 1972ರ ಫೆಬ್ರವರಿ 15ರಿಂದ ಮುಂದಿನವಕ್ಕೆ; ವೇದಿಕೆಯ ಮೇಲಿನ ಜೀವಂತ ಪ್ರದರ್ಶನವನ್ನು ಅನುಮತಿಯಿಲ್ಲದೆ ಮುದ್ರಿಸಿ ಹಂಚುವುದನ್ನು ಅದು ನಿಷೇಧಿಸಿದುದು 1994ರಲ್ಲಿ. ಕಲಾವಿದನ ಶ್ರಮವನ್ನು ಅವನ ಅರಿವಿಲ್ಲದೆ ಮಾರುವುದು ಅನ್ಯಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹಣದ ಮಾತನ್ನೇ ಎತ್ತದೆ, ಮುದ್ರಣಕ್ಕೆ ಮುದ್ರಣವನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದ ಸಂಗ್ರಾಹಕರನ್ನು ಈ ವ್ಯಾಪಾರಿಗಳೊಡನೆ ಸೇರಿಸುವುದೂ ಅಷ್ಟೇ ಅನ್ಯಾಯ. ಮಾರಬಾರದೆಂಬ ಕಟ್ಟಳೆಯನ್ನು ಅವರಿಗೆ ಯಾವ ನ್ಯಾಯಾಲಯವೂ ವಿಧಿಸಲಿಲ್ಲ. ಅವರೇ ವಿಧಿಸಿಕೊಂಡರು, ಮಾರಿದವನನ್ನು ತಮ್ಮ ಕೂಟದಿಂದ ಹೊರಗಿಟ್ಟರು.

ಈ ಕಟ್ಟಳೆಯು ಗಟ್ಟಿಗೊಂಡುದು ಕ್ಯಾಲಿಫೋರ್ನಿಯದ 'ಗ್ರೇಟ್‌ಫುಲ್ ಡೆಡ್' ತಂಡದ ಸುತ್ತ. 1965ರಿಂದ 1995ರ ಆಗಸ್ಟಿನಲ್ಲಿ ತನ್ನ ಗಿಟಾರ್ ವಾದಕ ಜೆರ್ರಿ ಗಾರ್ಸಿಯ ನಿಧನರಾಗುವವರೆಗೆ ಸುಮಾರು 2,300 ಕಚೇರಿಗಳನ್ನು ನಡೆಸಿದ ಈ ತಂಡವು ಯಾವ ರಾತ್ರಿ ಯಾವ ಹಾಡನ್ನು ಎತ್ತಿಕೊಳ್ಳುವುದೆಂದಾಗಲಿ, ಎತ್ತಿಕೊಂಡುದನ್ನು ಎಲ್ಲಿಗೆ ಒಯ್ಯುವುದೆಂದಾಗಲಿ ಮುಂಚಿತವಾಗಿ ಗೊತ್ತುಮಾಡುತ್ತಿರಲಿಲ್ಲ. ತಂಡದ ಧ್ವನಿತಜ್ಞರಾದ ಔಸ್ಲಿ ಸ್ಟ್ಯಾನ್ಲಿ, ತಮ್ಮ ಕೆಲಸದ ಗುಣದೋಷಗಳನ್ನು ತಾವೇ ಪರೀಕ್ಷಿಸಿಕೊಳ್ಳುವುದಕ್ಕಾಗಿ ಪ್ರತಿ ರಾತ್ರಿಯೂ, ವೇದಿಕೆಯ ಮೈಕುಗಳ ಧ್ವನಿಯೆಲ್ಲ ಬಂದು ಕೂಡುವ ಸೌಂಡ್‌ಬೋರ್ಡಿನಿಂದಲೇ ಮುದ್ರಿಸಿಕೊಳ್ಳುವ ಪದ್ಧತಿಯನ್ನಿಟ್ಟುಕೊಂಡಿದ್ದರು. ಸಭಿಕರಲ್ಲಿ ಕೆಲವರು ಚೀಲಗಳಲ್ಲಿ ಯಂತ್ರವನ್ನಡಗಿಸಿಕೊಂಡು ಬರುತ್ತಿದ್ದರು. 1970ರ ದಶಕದ ಆದಿಯಲ್ಲಿ ನ್ಯೂಯಾರ್ಕಿನ ಲೆಸ್ ಕಿಪ್ಪೆಲ್ ಟೇಪುಗಳ ಉಚಿತ ವಿನಿಮಯಕ್ಕೆಂದೇ ಒಂದು ಕೂಟವನ್ನು ಕಟ್ಟಿದರು. ಟೇಪಿನವರನ್ನು ಪರಸ್ಪರ ಪರಿಚಯಿಸಲೆಂದು 1974ರಲ್ಲಿ ಅವರು ಹೊರಡಿಸಿದ 'ಡೆಡ್ ರೆಲಿಕ್ಸ್' ಎಂಬ ಚಿಕ್ಕ ಪತ್ರಿಕೆ ಮುಂದೆ 'ರೆಲಿಕ್ಸ್' ಎಂಬ ಸಂಗೀತ ನಿಯತಕಾಲಿಕೆಯಾಗಿ ಬೆಳೆಯಿತು. ತಂಡವಾದರೋ ಮೊದಮೊದಲು ಕಂಡೂ ಕಾಣದಂತಿದ್ದು, ಮೈಕಿನ ಕಂಬಗಳು ಹೆಚ್ಚಿ ಹಿಂದೆ ಕುಳಿತವರಿಗೆ ವೇದಿಕೆಯೇ ಮರೆಯಾಗತೊಡಗಿದಾಗ, 1984ರ ಅಕ್ಟೋಬರಿನಲ್ಲಿ ಸೌಂಡ್‌ಬೋರ್ಡಿನ ಹಿಂಭಾಗದ ಜಾಗವನ್ನು ಮುದ್ರಿಸುವವರಿಗೆಂದೇ ಬಿಟ್ಟುಕೊಟ್ಟು, ಪ್ರತ್ಯೇಕ ಟಿಕೆಟುಗಳನ್ನೂ ಮಾಡಿಸಿತು. ತನ್ನ ಸಂಗೀತವನ್ನು ಕೊಂಡೊಯ್ಯುವುದಕ್ಕೆ ಶ್ರೋತೃವಿಗೆ ಹೀಗೆ ಸ್ಥಾನಕೊಟ್ಟ ಉದಾರತೆಗೆ ರಾಕ್ ಇತಿಹಾಸದಲ್ಲಿ ಸಾಟಿಯಾದುದು ವಿರಳ. ಅದರಿಂದ ತಂಡಕ್ಕೆ ನಷ್ಟವಾಗಲಿಲ್ಲ. ಟೇಪು ಮುಟ್ಟಿದ ಊರುಗಳಿಂದ ಜನ ಕಚೇರಿಗೆ ಬಂದರು.

ವಿನಿಮಯದ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಈ ಕ್ಷೇತ್ರದ ಸಂಸ್ಕಾರವೆಲ್ಲ ಅದರಲ್ಲಿಯೇ ಅಡಗಿದೆ. ಪ್ರತಿಯೊಬ್ಬ ಸಂಗ್ರಾಹಕನೂ ತನ್ನಲ್ಲಿರುವ ಟೇಪುಗಳ ಪಟ್ಟಿಯನ್ನು, ದಿನಾಂಕ, ಊರು, ಅವಧಿ, ಸೌಂಡ್‌ಬೋರ್ಡಿನದೋ ಸಭೆಯದೋ ಎಂಬ ಮೂಲ, ಎಷ್ಟನೆಯ ತಲೆಮಾರಿನ ಪ್ರತಿ ಎಂಬಿಷ್ಟು ವಿವರಗಳೊಡನೆ ಬರೆದಿಟ್ಟು, ಅಂಚೆಯಲ್ಲಿ ಪರಊರಿನವನಿಗೆ ಕಳುಹಿಸುವನು. ಆತನೂ ತನ್ನ ಪಟ್ಟಿಯನ್ನು ಕಳುಹಿಸುವನು. ಇಬ್ಬರೂ ಆರಿಸಿಕೊಂಡು, ಎರಡು ಡೆಕ್ಕುಗಳನ್ನು ಜೋಡಿಸಿ, ಮೂರು ಗಂಟೆಯ ಕಚೇರಿಗೆ ಮೂರು ಗಂಟೆಯನ್ನೇ ವ್ಯಯಿಸಿ ಪ್ರತಿಮಾಡುವರು, ವೇಗದ ಪ್ರತಿಯಂತ್ರದಲ್ಲಿ ಧ್ವನಿಯು ಕೆಡುವುದಾದುದರಿಂದ ಅದು ನಿಷಿದ್ಧ. ಕೈಯಲ್ಲಿ ಏನೂ ಇಲ್ಲದ ಹೊಸಬನು ಖಾಲಿ ಕ್ಯಾಸೆಟ್ಟುಗಳನ್ನೂ ಮರುಅಂಚೆಯ ಸ್ಟಾಂಪುಗಳನ್ನೂ ಕಳುಹಿಸಿದರೆ ಹಿರಿಯನೊಬ್ಬನು ತುಂಬಿಸಿ ಹಿಂದಿರುಗಿಸುವನು. ಹಾಗೆ ಪಡೆದವನು ಮುಂದೆ ಇನ್ನೊಬ್ಬ ಹೊಸಬನಿಗೆ ಅಷ್ಟನ್ನು ಮಾಡಬೇಕೆಂಬುದು ಯಾರೂ ಬರೆದಿಡದಿದ್ದರೂ ಎಲ್ಲರೂ ಬಲ್ಲ ಋಣ. ಪ್ರತಿಯ ಪ್ರತಿಯ ಪ್ರತಿಯಾದಂತೆಲ್ಲ ಟೇಪಿನ ಹಿಸ್ಸೆಂಬ ಸದ್ದು ಏರುತ್ತ, ಸ್ವರಗಳ ಅಂಚು ಮಾಸುತ್ತ ಬರುತ್ತಿದ್ದುದರಿಂದ, ಮೂಲಕ್ಕೆ ಸಮೀಪವಾದ ಪ್ರತಿಯನ್ನು ಪಡೆಯುವುದು ಸಂಗ್ರಾಹಕನ ಜೀವಮಾನದ ಹಂಬಲವಾಗಿದ್ದಿತು. ವಂಶಾವಳಿಯನ್ನು ಮರೆಮಾಚಿದವನ ಮಾತಿಗೆ ಬೆಲೆಯಿರಲಿಲ್ಲ. ಒಬ್ಬರಿಂದ ಹಲವರಿಗೆ, ಆ ಹಲವರಿಂದ ಮತ್ತೂ ಹಲವರಿಗೆ ಏಕಕಾಲದಲ್ಲಿ ಪ್ರತಿಗಳು ಕವಲೊಡೆದು ಹೋಗುವಂತೆ ಏರ್ಪಡಿಸುತ್ತಿದ್ದ 'ಟೇಪ್ ಟ್ರೀ'ಯ ಉದ್ದೇಶವೂ ತಲೆಮಾರುಗಳನ್ನು ಕಡಮೆಮಾಡುವುದೇ.

ಮುದ್ರಿಸುವವನ ಕಲೆ ಇದಕ್ಕಿಂತಲೂ ಕಠಿನ. ನಾಕಮಿಚಿ 550, ಸೋನಿ ಟಿಸಿ-ಡಿ5ಎಂ ಮೊದಲಾದ ಕ್ಯಾಸೆಟ್ ಯಂತ್ರಗಳು ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಚಿಕ್ಕವಾಗಿದ್ದೂ ಸ್ಟುಡಿಯೋ ಯಂತ್ರಗಳಿಗೆ ಸಮೀಪವಾದ ಧ್ವನಿಯನ್ನು ಹಿಡಿಯಬಲ್ಲವಾಗಿದ್ದುವು. ಆದರೆ ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಪಾರ್ಶ್ವವು ನಲವತ್ತೈದು ನಿಮಿಷಕ್ಕೆ ಮುಗಿಯುವುದಾದುದರಿಂದ, ಹಾಡು ಯಾವಾಗ ಮುಗಿಯುವುದೆಂದು ಊಹಿಸಿ, ಕತ್ತಲೆಯಲ್ಲಿ, ಕ್ಷಣಾರ್ಧದಲ್ಲಿ ಅದನ್ನು ಮಗುಚಬೇಕು. ಸುತ್ತಲಿನವರೆಲ್ಲ ಕುಣಿದು ಕೂಗುತ್ತಿರುವಾಗ, ಅವರೆಲ್ಲರಿಗಿಂತ ಆ ಸಂಗೀತವನ್ನು ಹೆಚ್ಚಾಗಿ ಪ್ರೀತಿಸುವವನು ಚಪ್ಪಾಳೆಯನ್ನೂ ತಟ್ಟದೆ ನಿಶ್ಚಲನಾಗಿ ನಿಲ್ಲಬೇಕು. ಈ ಸಂಯಮವನ್ನು ನಾನು ತಪಸ್ಸೆಂದೇ ಕರೆಯುತ್ತೇನೆ. ಇಂತಹವರಲ್ಲಿ ಅಗ್ರಗಣ್ಯರು ಲಾಸ್ ಏಂಜಲೀಸಿನ ಮೈಕ್ ಮಿಲ್ಲಾರ್ಡ್. ನಡೆಯಬಲ್ಲವರಾಗಿದ್ದೂ ಗಾಲಿಕುರ್ಚಿಯಲ್ಲಿ ಕುಳಿತು, ಅದರಡಿಯಲ್ಲಿ ಯಂತ್ರವನ್ನಡಗಿಸಿ, ಎಕೆಜಿ ಮೈಕುಗಳನ್ನು ಮೈಮೇಲೆ ಮರೆಮಾಡಿಕೊಂಡು ಅವರು ಸಭಾಂಗಣವನ್ನು ಪ್ರವೇಶಿಸುತ್ತಿದ್ದರು. 1977ರ ಜೂನ್ 21ರಂದು ಅಲ್ಲಿಯ ಫೋರಂ ಸಭಾಂಗಣದಲ್ಲಿ ಲೆಡ್ ಜೆಪೆಲಿನ್ ನುಡಿಸಿದುದನ್ನು ಅವರು ಮುದ್ರಿಸಿದ ಬಗೆ ಹೇಗಿದೆಯೆಂದರೆ, ಜಾನ್ ಬಾನಮರ ಡ್ರಮ್ಮಿನ ಒಂದೊಂದು ಏಟೂ ಆ ವಿಶಾಲ ಕಟ್ಟಡದ ಗೋಡೆಗಳನ್ನು ಮುಟ್ಟಿ ಮರಳುವುದು ಕಿವಿಗೆ ನಿಚ್ಚಳವಾಗುತ್ತದೆ. ಸೌಂಡ್‌ಬೋರ್ಡಿನ ಶುದ್ಧ ಮುದ್ರಣದಲ್ಲಿ ಕಂಠವೂ ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುವುವು, ಆದರೆ ಸಭೆಯಿರುವುದಿಲ್ಲ. ಸಭೆಯಲ್ಲಿ ನಿಂತು ಹಿಡಿದುದರಲ್ಲಿ ಕಟ್ಟಡದ ಗಾಳಿಯೂ ಜನರ ಉಸಿರೂ ಸೇರಿರುತ್ತವೆ. ಎರಡರಲ್ಲೊಂದನ್ನು ಆರಿಸೆಂದರೆ ನಾನು ಎರಡನೆಯದನ್ನೇ ಆರಿಸುವೆನು.

ಸೌಂಡ್‌ಬೋರ್ಡಿನ ಪಕ್ಷದ ಪರಮೋದಾಹರಣೆಯೂ ಇಲ್ಲಿ ಬರಬೇಕು. ಗ್ರೇಟ್‌ಫುಲ್ ಡೆಡ್ ತಂಡದ ಧ್ವನಿತಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಪ್ಪತ್ತರ ದಶಕದಲ್ಲಿ ಮುದ್ರಿಸಿದ ನೂರಾರು ಸುರುಳಿಗಳು, ಅವನ್ನಿಟ್ಟಿದ್ದ ಬಾಡಿಗೆ ಕೋಣೆಯ ಹಣ ಸಲ್ಲದೆ, 1986ರಲ್ಲಿ ಹರಾಜಾಗಿ ಅಪರಿಚಿತರ ಪಾಲಾದುವು. ಸಂಗ್ರಾಹಕರು ಅವುಗಳಲ್ಲಿ ಅನೇಕವನ್ನು ಪತ್ತೆಹಚ್ಚಿ, ಪ್ರತಿಮಾಡಿ ಹಂಚಿದ ಮೇಲೆ, 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಚೇರಿಯು ಆ ತಂಡದ ಸರ್ವೋತ್ಕೃಷ್ಟ ರಾತ್ರಿಗಳಲ್ಲೊಂದೆಂಬ ಕೀರ್ತಿಯನ್ನು ಪಡೆಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿತ್ತಿತು. ಅಂಗಡಿಯಲ್ಲಿ ಅದು ಅಧಿಕೃತವಾಗಿ ದೊರೆತುದು 2017ರಲ್ಲಿ. ಎಂದರೆ ರಾಷ್ಟ್ರವು ಮನ್ನಿಸಿದುದು ರಸಿಕರು ಕೈಯಿಂದ ಕೈಗೆ ಸಾಗಿಸಿದ ಮುದ್ರಣವನ್ನು.

ಅಂಕೀಯ ತಂತ್ರವು ಬಂದ ಮೇಲಿನ ಕಥೆಯನ್ನು ಬೇಗನೆ ಹೇಳಿಬಿಡಬಹುದು. ಎಂಬತ್ತರ ದಶಕದ ಕೊನೆಗೆ ಬಂದ ಡ್ಯಾಟ್ ಟೇಪು ಮತ್ತು ಅನಂತರದ ಸಿ.ಡಿ.ಗಳಿಂದ ತಲೆಮಾರಿನ ಕೇಡು ಕೊನೆಗಂಡಿತು. 1998ರಲ್ಲಿ ಸ್ಥಾಪಿತವಾದ ಈಟ್ರೀ ಸಮುದಾಯವು ಧ್ವನಿಯ ಒಂದಂಶವನ್ನೂ ಕಳೆಯದೆ ಸಂಕೋಚಿಸುವ ವಿಧಾನಗಳನ್ನೇ ಬಳಸಬೇಕೆಂದು ಕಟ್ಟುಮಾಡಿ, ಎಂಪಿ3ಯನ್ನು ವಿನಿಮಯದಿಂದ ಬಹಿಷ್ಕರಿಸಿತು. 2002ರಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಆ ಸಮುದಾಯದೊಡನೆ ಸೇರಿ ಕಚೇರಿಗಳ ಸಾರ್ವಜನಿಕ ಭಂಡಾರವನ್ನು ತೆರೆಯಿತು. 2005ರ ನವೆಂಬರಿನಲ್ಲಿ ಗ್ರೇಟ್‌ಫುಲ್ ಡೆಡ್ ಪರವಾಗಿ ಆ ಭಂಡಾರದ ಮುದ್ರಣಗಳನ್ನು ಇಳಿಸಿಕೊಳ್ಳದಂತೆ ತಡೆದಾಗ, ಮೂವತ್ತು ವರ್ಷ ಸುರುಳಿಗಳನ್ನು ಕಾಪಾಡಿದ್ದ ಜನ ನೊಂದು ಪ್ರತಿಭಟಿಸಿದರು; ಕೆಲವೇ ದಿನಗಳಲ್ಲಿ ಸಭೆಯ ಮುದ್ರಣಗಳು ಮೊದಲಿನಂತೆ ಮುಕ್ತವಾದುವು, ಸೌಂಡ್‌ಬೋರ್ಡಿನವು ಅಲ್ಲಿಯೇ ಕೇಳುವುದಕ್ಕೆ ಮಾತ್ರ ಉಳಿದುವು. ಸುಲಭವಾಗಿ ದೊರೆಯುವುದರಿಂದ ಪರಸ್ಪರ ಪರಿಚಯವು ಕ್ಷೀಣಿಸಿತೆಂದು ಹಳಬರು ಕೊರಗುವುದುಂಟು. ಆ ಕೊರಗು ನಿಜವಾದುದು. ಆದರೆ ಟೇಪು ಮುಟ್ಟದ ಊರಿನ ಬಡ ವಿದ್ಯಾರ್ಥಿಗೂ ಕಾರ್ನೆಲಿನ ಆ ರಾತ್ರಿ ದೊರೆಯುವಂತಾದುದು ಅದಕ್ಕಿಂತ ದೊಡ್ಡದು.

ಸಂಗ್ರಾಹಕರ ವಿದ್ವತ್ತನ್ನು ಕುರಿತು ಒಂದು ಮಾತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದೆಂದು ಬಹುಕಾಲ ಪ್ರಚಲಿತವಾಗಿದ್ದ ಡಿಲನ್ನರ ಗುಪ್ತಮುದ್ರಿಕೆಯು ವಾಸ್ತವವಾಗಿ 1966ರ ಮೇ 17ರ ಮ್ಯಾಂಚೆಸ್ಟರ್ ಕಚೇರಿಯದು. ಕಂಪೆನಿಯು 1998ರಲ್ಲಿ ಅದನ್ನು ಪ್ರಕಟಿಸುವಾಗ ಹಳೆಯ ತಪ್ಪು ಹೆಸರನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು ಉಳಿಸಿಕೊಂಡಿತು. ಸಭಿಕರ ಕೂಗು, ಹಾಡುಗಳ ಅನುಕ್ರಮ, ವೇದಿಕೆಯ ಮೇಲಿನ ಮಾತು, ಇವುಗಳಿಂದ ದಿನಾಂಕವನ್ನು ನಿರ್ಣಯಿಸುವ ಈ ವಿದ್ಯೆಯು ತಾಳೆಯೋಲೆಗಳ ಪಾಠನಿರ್ಣಯಕ್ಕಿಂತ ಯಾವ ವಿಧದಲ್ಲೂ ಕೀಳಲ್ಲ. ಗ್ರೇಟ್‌ಫುಲ್ ಡೆಡ್ ತಂಡವು ತನ್ನ ಭಂಡಾರದ ಪಾಲಕನನ್ನಾಗಿ ನೇಮಿಸಿಕೊಂಡುದೂ ಟೇಪು ಸಂಗ್ರಾಹಕರಾದ ಡಿಕ್ ಲಾಟ್ವಾಲರನ್ನೇ. ಅವರು ಆರಿಸಿದ ಕಚೇರಿಗಳ ಮಾಲೆ 1993ರಿಂದ ಹೊರಬರತೊಡಗಿತು. ಪರ್ಲ್ ಜ್ಯಾಮ್ ತಂಡವು 2000ದ ತನ್ನ ಪ್ರವಾಸದ ಕಚೇರಿಗಳನ್ನು 72 ಮುದ್ರಿಕೆಗಳಾಗಿ ತಾನೇ ಪ್ರಕಟಿಸಿತು.

ನಮ್ಮ ದೇಶಕ್ಕೂ ಈ ಭಂಡಾರಗಳಿಂದ ಒಂದು ನಿಧಿ ದೊರೆತಿದೆ. 1970ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್, ಇಂದ್ರನೀಲ್ ಭಟ್ಟಾಚಾರ್ಯರ ಸಿತಾರ್, ಹತ್ತೊಂಬತ್ತರ ತರುಣ ಜಾಕಿರ್ ಹುಸೇನರ ತಬಲ ಕೂಡಿದ ಕಚೇರಿಯನ್ನು ಔಸ್ಲಿ ಸ್ಟ್ಯಾನ್ಲಿ ಮುದ್ರಿಸಿದ್ದರು. ಅದು ಪ್ರಕಟವಾದುದು 2020ರಲ್ಲಿ. ಕರ್ನಾಟಕದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟು ಗೆಳೆಯರಿಗೆ ಪ್ರತಿಮಾಡಿಕೊಟ್ಟ ಅಭಿಮಾನಿಗಳೂ, ಧಾರವಾಡದ ಬೈಠಕ್ಕುಗಳನ್ನು ಸ್ಪೂಲಿನಲ್ಲಿ ಕಾಪಾಡಿದ ರಸಿಕರೂ ಈ ಬಳಗದವರೇ. ಅವರ ಕಪಾಟುಗಳ ಸಮೀಕ್ಷೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಕೈಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ.

ಮಿಲ್ಲಾರ್ಡರು 1994ರಲ್ಲಿ ತೀರಿಕೊಂಡ ಮೇಲೆ ಅವರ ಮೂಲ ಕ್ಯಾಸೆಟ್ಟುಗಳು ನಾಶವಾದುವೆಂಬ ನಂಬಿಕೆಯು ಬಹುಕಾಲವಿದ್ದಿತು. ಈಚಿನ ವರ್ಷಗಳಲ್ಲಿ ಅವು ಒಂದೊಂದಾಗಿ ಹೊರಬಂದು, ಶುದ್ಧೀಕರಣಗೊಂಡು, ಮೊದಲಿನ ನಿಯಮದಂತೆ ಉಚಿತವಾಗಿ ಹಂಚಲ್ಪಟ್ಟಿವೆ. 1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೀನಾದಲ್ಲಿ ಪಿಂಕ್ ಫ್ಲಾಯ್ಡ್ ನುಡಿಸಿದುದನ್ನು ಅವರು ಮುದ್ರಿಸಿದ್ದ ಟೇಪನ್ನು, ಸಂಗೀತಗಾರ ಸ್ಟೀವನ್ ವಿಲ್ಸನ್ನರಿಂದ ಸಂಸ್ಕರಣ ಮಾಡಿಸಿ, 'ವಿಷ್ ಯು ವರ್ ಹಿಯರ್' ಮುದ್ರಿಕೆಯ ಐವತ್ತನೆಯ ವರ್ಷದ ಆವೃತ್ತಿಯಲ್ಲಿ 2025ರ ಡಿಸೆಂಬರಿನಲ್ಲಿ ಅಧಿಕೃತವಾಗಿ ಪ್ರಕಟಿಸಲಾಯಿತು. ಕಾವಲುಗಾರರ ಕಣ್ತಪ್ಪಿಸಿ ಮುದ್ರಿಸಿದವರ ಕೆಲಸವನ್ನು, ಅದೇ ತಂಡದ ಮುದ್ರಿಕೆಯೊಡನೆ, ಯಾರು ಬೇಕಾದರೂ ಅಂಗಡಿಯಲ್ಲಿ ಈಗ ಕೊಂಡು ಕೇಳಬಹುದು.