ಬಿಡದಿಯ ಗಾಡಿ, ಹಾರೋಹಳ್ಳಿಯ ಲೆಕ್ಕಾಚಾರ

ಬೆಂಗಳೂರಿನಿಂದ ಕನಕಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಗುವ ಊರು ಹಾರೋಹಳ್ಳಿ. ಹಿಂದೆ ಅದು ಕನಕಪುರ ತಾಲ್ಲೂಕಿನ ಒಂದು ಹೋಬಳಿ. ಈಗ ತಾನೇ ಒಂದು ತಾಲ್ಲೂಕು. ರಾಗಿ, ಹಿಪ್ಪುನೇರಳೆ, ರೇಷ್ಮೆಹುಳು ಸಾಕಣೆ ಈ ಸೀಮೆಯ ಹಳೆಯ ಬದುಕು. ರೇಷ್ಮೆ ಬೆಳೆಗಾರನಿಗೆ ಊಹೆ ಎಂಬುದು ಹೊಸದಲ್ಲ. ಹುಳು ನಾಲ್ಕನೆಯ ಜ್ವರ ದಾಟಿ ಹಣ್ಣಾಗುವ ಹೊತ್ತಿಗೇ ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಯಾವ ಧಾರಣೆಗೆ ಹೋದೀತು ಎಂಬ ಲೆಕ್ಕಾಚಾರ ಮನೆಯಲ್ಲಿ ಶುರುವಾಗಿರುತ್ತದೆ.

ಕಳೆದ ಕಾಲು ಶತಮಾನದಲ್ಲಿ ಈ ಸೀಮೆಗೆ ಇನ್ನೊಂದು ಬಗೆಯ ಊಹೆ ಬಂದು ಸೇರಿದೆ. ಹಾರೋಹಳ್ಳಿಯಿಂದ ಬೈರಮಂಗಲದ ಮೇಲೆ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಬಿಡದಿ. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಮುಂದೆ ಯಾವ ಗಾಡಿ ಹೊರಬರುತ್ತದೆ? ಎತ್ತರದ ಎಸ್‌ಯುವಿಯೇ, ಹಿಂದೆ ತೊಟ್ಟಿ ಇರುವ ಪಿಕಪ್ ಟ್ರಕ್ಕೇ, ಬ್ಯಾಟರಿಯ ಗಾಡಿಯೇ? ವಾಹನ ಪತ್ರಿಕೆಗಳಿಗೆ ಇದು ಕುತೂಹಲದ ಸುದ್ದಿ. ಹೊದಿಕೆ ಹೊದ್ದು ಪರೀಕ್ಷೆಗೆ ಓಡುವ ಗಾಡಿಯ ಕದ್ದು ತೆಗೆದ ಚಿತ್ರ, ಹೆಸರಿಗೆ ಮುಂಚೆಯೇ ಹೊರಬೀಳುವ ಸಂಕೇತಾಕ್ಷರಗಳು, ಬೆಲೆಯ ಅಂದಾಜು, ಇವೆಲ್ಲ ಅಲ್ಲಿ ಓದುಗರ ರಂಜನೆಗೆ ಸಾಕು. ಬಿಡದಿ-ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಸುತ್ತ ಬದುಕುವವರಿಗೆ ಅದೇ ಪ್ರಶ್ನೆ ಕೆಲಸದ, ಕೂಲಿಯ, ಕೊಟ್ಟ ಜಮೀನಿನ ಪ್ರಶ್ನೆ. ಈ ಊಹೆಗಳಿಗೂ ಒಂದು ಇತಿಹಾಸವಿದೆ. ಅದನ್ನು ತಿರುವಿ ನೋಡಿದರೆ ಊಹಿಸಿದವರು ಎಡವಿದ್ದೇ ಹೆಚ್ಚು.

ಮೊದಲಿಗೆ ಟ್ರಕ್ಕಿಗೂ ಎಸ್‌ಯುವಿಗೂ ಇರುವ ನಂಟನ್ನು ತಿಳಿಯಬೇಕು. ಟೊಯೊಟಾ ಮನೆತನದ ಮೂಲ ಕಸುಬು ಮಗ್ಗದ ತಯಾರಿಕೆ. ಸಾಕಿಚಿ ಟೊಯೊಡಾ ಎಂಬಾತ ಕಟ್ಟಿದ ಸ್ವಯಂಚಾಲಿತ ಮಗ್ಗಗಳ ಕಾರ್ಖಾನೆಯಿಂದಲೇ ಮುಂದೆ ವಾಹನ ಕಂಪೆನಿ ಹುಟ್ಟಿತು. 1935ರಲ್ಲಿ ಅದು ಮಾರಾಟಕ್ಕೆ ತಂದ ಮೊದಲ ವಾಹನ ಕಾರಲ್ಲ, ಜಿ-1 ಎಂಬ ಟ್ರಕ್ಕು. ಅದೇ 1935ರಲ್ಲಿ ಇತ್ತ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೊಂದು ಮೋಟಾರು ಕಾರ್ಖಾನೆ ಕಟ್ಟುವ ಯೋಚನೆಯಿಂದ ಯೂರೋಪು, ಅಮೆರಿಕಗಳ ಪ್ರವಾಸ ಕೈಗೊಂಡು ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜತೆ ಸೇರಿ ರೂಪಿಸಿದ ಆ ಯೋಜನೆಗೆ ಮೈಸೂರು ಸಂಸ್ಥಾನದ ಒಲವಿದ್ದರೂ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. 1940ರಲ್ಲಿ ಬೆಂಗಳೂರಿಗೆ ಬಂದದ್ದು ವಿಮಾನದ ಕಾರ್ಖಾನೆ. ವಾಲ್‌ಚಂದರ ಮೋಟಾರು ಕಂಪೆನಿ 1944ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಮೈಸೂರಿನ ನೆಲದಲ್ಲಿ ಕಾರು ತಯಾರಾಗುತ್ತದೆಂಬ ಊಹೆ ಆ ತಲೆಮಾರಿಗೆ ಹುಸಿಯಾಯಿತು.

ಟೊಯೊಟಾ ಭಾರತಕ್ಕೆ ಬಂದದ್ದೂ ಟ್ರಕ್ಕಿನ ಮೂಲಕವೇ. 1980ರ ದಶಕದಲ್ಲಿ ದೆಹಲಿಯ ಡಿಸಿಎಂ ಸಂಸ್ಥೆಯ ಜತೆಗೂಡಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಹಗುರ ಟ್ರಕ್ಕುಗಳನ್ನು ತಯಾರಿಸಿತು. ಆ ಸಾಹಸ ಕೈಹತ್ತಲಿಲ್ಲ. 1990ರ ದಶಕದಲ್ಲಿ ಕಾರ್ಖಾನೆ ಕೊರಿಯಾದ ಡೇವೂ ಕಂಪೆನಿಯ ಪಾಲಾಯಿತು. ಕರ್ನಾಟಕಕ್ಕೆ ಟೊಯೊಟಾ ಬಳಗ ಬಂದದ್ದು ಮತ್ತೆ ಜವಳಿಯ ಹಾದಿಯಲ್ಲಿ. 1941ರಿಂದ ಹರಿಹರದಲ್ಲಿ ಲೇತ್ ಯಂತ್ರ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಬಳಗದ ವಿಕ್ರಮ್ ಕಿರ್ಲೋಸ್ಕರ್ ಅವರ ಸಹಭಾಗಿತ್ವದಲ್ಲಿ 1995ರಲ್ಲಿ ಜಿಗಣಿಯ ಜವಳಿ ಯಂತ್ರಗಳ ಕಂಪೆನಿ ಸ್ಥಾಪನೆಯಾಯಿತು. ಆ ಪರಿಚಯ ಬಲಿತು 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಬಿಡದಿಯಲ್ಲಿ 432 ಎಕರೆ ಜಾಗದಲ್ಲಿ ಕಾರ್ಖಾನೆ ಎದ್ದಿತು.

ಜಪಾನಿನ ದೊಡ್ಡ ಕಂಪೆನಿ ಬಂದಿದೆ, ಜಗತ್ತಿನ ಹೊಚ್ಚ ಹೊಸ ಕಾರನ್ನೇ ತಂದೀತು ಎಂದು ಆಗ ಹಲವರು ಎಣಿಸಿದ್ದರು. 2000ದ ಜನವರಿಯಲ್ಲಿ ಬಂದದ್ದು ಕ್ವಾಲಿಸ್. ಅದರ ಪೂರ್ವಜ ಇಂಡೋನೇಷ್ಯಾದ ಕಿಜಾಂಗ್. ಆ ಭಾಷೆಯಲ್ಲಿ ಕಿಜಾಂಗ್ ಎಂದರೆ ನಮ್ಮ ಕಾಡುಕುರಿ. 1977ರಲ್ಲಿ ಬಂದ ಮೊದಲ ಕಿಜಾಂಗ್ ಸರಕು ಹೊರುವ ಸರಳ ಪಿಕಪ್. ಬಾಗಿಲಿಗೆ ಗಾಜು ಕೂಡ ಇರಲಿಲ್ಲ. ಅದರ ಬೆನ್ನಿನ ಮೇಲೆ ಸೀಟು, ಮಾಡು, ಕಿಟಕಿಗಳನ್ನು ಕೂರಿಸುತ್ತ ಹೋಗಿ ಕುಟುಂಬದ ಗಾಡಿ ಸಿದ್ಧವಾಯಿತು. ವಾಹನ ವಿಮರ್ಶಕರು ಕ್ವಾಲಿಸ್ ಕಂಡು ಮೂಗು ಮುರಿದರು. ರೂಪ ಹಳೆಯದು, ಡಬ್ಬದಂತಿದೆ ಎಂದರು. ಟ್ಯಾಕ್ಸಿ ಮಾಲೀಕರು, ದೊಡ್ಡ ಕುಟುಂಬದವರು, ಬೆಂಗಳೂರಿನ ಹೊಸ ಸಾಫ್ಟ್‌ವೇರ್ ಕಂಪೆನಿಗಳು ಅದನ್ನೇ ಮುಗಿಬಿದ್ದು ಕೊಂಡರು. ಎಂಟು ಹತ್ತು ಜನ ಕೂತು ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿ ಬಂದರೂ ದಾರಿಯಲ್ಲಿ ಕೈಕೊಡದ ಗಾಡಿ ಅವರಿಗೆ ಬೇಕಿತ್ತು.

ಇಂಥ ಗಾಡಿ ಭಾರತಕ್ಕೆ ಹೊಸದೂ ಆಗಿರಲಿಲ್ಲ. ಟಾಟಾ ಕಂಪೆನಿ 1988ರಲ್ಲಿ ತಂದ ಟಾಟಾಮೊಬೈಲ್ ಪಿಕಪ್ಪಿನ ಬುನಾದಿಯ ಮೇಲೆಯೇ 1991ರ ಸಿಯೆರಾ, ಮರುವರ್ಷದ ಎಸ್ಟೇಟ್ ಗಾಡಿಗಳನ್ನು ಕಟ್ಟಿತ್ತು. 1994ರ ಸುಮೋ ಅದೇ ಸಾಲಿಗೆ ಸೇರಿದ್ದು.

ಇದರ ಗುಟ್ಟು ಏಣಿಯಾಕಾರದ ಚಾಸಿಯಲ್ಲಿದೆ. ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ನೆಲದ ಮೇಲೆ ಮಲಗಿಸಿದ ಏಣಿಯ ಹಾಗೆ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಅದರ ಹಿಂದೆ. ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತ ಹಿಂದಿನ ಆಕ್ಸಲ್‌ಗೆ ಶಕ್ತಿಯನ್ನು ಒಯ್ಯುತ್ತದೆ. ಈ ಏಣಿಯ ಮೇಲೆ ತೊಟ್ಟಿ ಇಟ್ಟರೆ ಪಿಕಪ್, ಮುಚ್ಚಿದ ಮೈ ಇಟ್ಟರೆ ಎಸ್‌ಯುವಿ, ಇನ್ನೊಂದು ಸಾಲು ಸೀಟು ಕೂರಿಸಿದರೆ ಕುಟುಂಬದ ವ್ಯಾನು. ಸಾಮಾನ್ಯ ಕಾರಿನಲ್ಲಿ ಈ ಏಣಿ ಇರುವುದಿಲ್ಲ. ಮೈಯೇ ಅದರ ಎಲುಬು. ಎಂಜಿನ್ ಸಾಮಾನ್ಯವಾಗಿ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ.

2004ರಲ್ಲಿ ಟೊಯೊಟಾ ಇಂಥ ಒಂದೇ ಬುನಾದಿಯನ್ನು ಹಲವು ದೇಶಗಳಿಗಾಗಿ ರೂಪಿಸಿತು. ಐಎಂವಿ ಎಂದು ಅದರ ಹೆಸರು. ಹೈಲಕ್ಸ್ ಪಿಕಪ್, ಇನ್ನೋವಾ, ಫಾರ್ಚೂನರ್ ಎಸ್‌ಯುವಿ ಮೂರೂ ಈ ಒಂದೇ ಒಡಲಿನ ಮಕ್ಕಳು. ಬಿಡದಿಯಲ್ಲೇ 2002ರಲ್ಲಿ ಹುಟ್ಟಿದ ಬಿಡಿಭಾಗಗಳ ಸೋದರ ಕಂಪೆನಿ ಮೊದಲು ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ ಮಾಡಿ, 2004ರಿಂದ ಈ ಬಳಗದ ಗಾಡಿಗಳಿಗೆ ಗೇರ್‌ಬಾಕ್ಸ್‌ಗಳನ್ನೂ ತಯಾರಿಸಿ ಹೊರದೇಶಗಳಿಗೆ ಕಳಿಸತೊಡಗಿತು. ಹೀಗೆ ಹೈಲಕ್ಸ್ ಪಿಕಪ್ ಬಿಡದಿಗೆ ಕಾಲಿಡುವುದಕ್ಕೆ ಬಹಳ ಮುಂಚೆಯೇ ಅದರ ವಂಶದ ಅಂಗಾಂಗಗಳು ಬಿಡದಿಯಲ್ಲಿ ತಯಾರಾಗುತ್ತಿದ್ದವು.

2005ರಲ್ಲಿ ಕಂಪೆನಿ ಎಲ್ಲರನ್ನೂ ಬೆರಗುಗೊಳಿಸಿತು. ಚೆನ್ನಾಗಿ ಬಿಕರಿಯಾಗುತ್ತಿದ್ದ ಕ್ವಾಲಿಸ್ಸನ್ನು ನಿಲ್ಲಿಸಿ ಇನ್ನೋವಾವನ್ನು ತಂದಿತು. ಓಡುವ ಕುದುರೆಯನ್ನು ಯಾರಾದರೂ ಲಾಯಕ್ಕೆ ಕಟ್ಟುತ್ತಾರೆಯೇ ಎಂದವರುಂಟು. ಇನ್ನೋವಾ ಕ್ವಾಲಿಸ್ಸಿಗಿಂತಲೂ ದೊಡ್ಡ ಹೆಸರು ಮಾಡಿತು. 2009ರಲ್ಲಿ ಫಾರ್ಚೂನರ್ ಬಂದು, ರಾಜಕಾರಣಿಗಳ ಮನೆಯಂಗಳಕ್ಕೆ ಅದೇ ಗುರುತೆಂಬಂತಾಯಿತು.

ಈ ಗೆಲುವುಗಳ ಮೇಲೆ ಕಟ್ಟಿದ ಮುಂದಿನ ಅಂದಾಜು ಮಾತ್ರ ಕೈಕೊಟ್ಟಿತು. ಭಾರತಕ್ಕೆ ಬೇಕಿರುವುದು ಅಗ್ಗದ ಸಣ್ಣ ಕಾರು ಎಂದು ಕಂಪೆನಿ ಭಾವಿಸಿತು. 2010ರಲ್ಲಿ ಬಿಡದಿಯಲ್ಲಿ ಎರಡನೆಯ ಕಾರ್ಖಾನೆ ತೆರೆದು ಎಟಿಯೋಸ್ ಕಾರನ್ನು ತಂದಿತು. ಅದು ಟ್ಯಾಕ್ಸಿಯಾಗಿ ಬಾಳಿತೇ ಹೊರತು ಮನೆಮನೆಯ ಕಾರಾಗಲಿಲ್ಲ, 2020ರಲ್ಲಿ ನಿಂತುಹೋಯಿತು. 2022ರಲ್ಲಿ ಸುಜುಕಿ ಕಂಪೆನಿಯೊಂದಿಗಿನ ಒಪ್ಪಂದದಂತೆ ಟೊಯೊಟಾದ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾದವು. ಮಾರುತಿಯ ಹೆಸರು ಹೊತ್ತ ಎಸ್‌ಯುವಿ ಟೊಯೊಟಾ ಅಂಗಳದಲ್ಲಿ ಹುಟ್ಟೀತೆಂದು ಹತ್ತು ವರ್ಷ ಮುಂಚೆ ಯಾರೂ ಹೇಳುವಂತಿರಲಿಲ್ಲ.

ಊಹೆಯನ್ನು ಕೆಡಿಸುವುದು ಗ್ರಾಹಕರ ರುಚಿಯೊಂದೇ ಅಲ್ಲ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದಲ್ಲಿ 2,000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಎಂಜಿನ್ನಿನ ಕಾರು, ಎಸ್‌ಯುವಿಗಳ ನೋಂದಣಿ ತಡೆಯಿತು. ಇನ್ನೋವಾ, ಫಾರ್ಚೂನರ್ ಎರಡೂ ಆ ಏಟಿಗೆ ಸಿಕ್ಕಿದವು. ಎಂಟು ತಿಂಗಳ ನಂತರ, 2016ರ ಆಗಸ್ಟಿನಲ್ಲಿ, ಶೇ 1ರ ಶುಲ್ಕ ವಿಧಿಸಿ ನ್ಯಾಯಾಲಯ ತಡೆ ತೆರವು ಮಾಡಿತು. ದೆಹಲಿಯ ಹೊಗೆಗೂ ಬಿಡದಿಯ ಪಾಳಿಗೂ ಹೀಗೊಂದು ಸಂಬಂಧ ಬೆಳೆದಿತ್ತು.

ಪಿಕಪ್ಪಿನ ಕಥೆಯೂ ಹೀಗೆಯೇ. 1968ರಿಂದ ಜಗತ್ತಿನ ಹೊಲ, ಗಣಿ, ಮರುಭೂಮಿಗಳಲ್ಲಿ ದುಡಿದ ಹೈಲಕ್ಸ್ ಭಾರತಕ್ಕೆ ಬರುತ್ತದೆಂಬ ಗಾಳಿಸುದ್ದಿ ವರ್ಷಗಟ್ಟಲೆ ಹರಿದಾಡಿ ಕೊನೆಗೆ 2022ರಲ್ಲಿ ನಿಜವಾಯಿತು. ಬೆಲೆ ಸುಮಾರು 34 ಲಕ್ಷ ರೂಪಾಯಿಯಿಂದ ಶುರು. ಮರುವರ್ಷ ಅದನ್ನು ಇಳಿಸಬೇಕಾಯಿತು. ಬೇರೆ ದೇಶಗಳಲ್ಲಿ ರೈತನ ಎತ್ತಿನಂತೆ ದುಡಿಯುವ ಗಾಡಿ ಇಲ್ಲಿಗೆ ಬರುವಾಗ ಉಳ್ಳವರ ಹವ್ಯಾಸದ ಗಾಡಿಯಾಗಿತ್ತು. ಹಾರೋಹಳ್ಳಿಯ ತರಕಾರಿ, ರೇಷ್ಮೆಗೂಡು ಹೊತ್ತು ಸಂತೆಗೆ ಹೋಗುವುದು ಇಂದಿಗೂ ಮಹೀಂದ್ರ, ಟಾಟಾಗಳ ಸಣ್ಣ ಪಿಕಪ್ಪುಗಳೇ.

ಅದೇ 2022ರ ನವೆಂಬರಿನಲ್ಲಿ ಬಂದ ಇನ್ನೋವಾ ಹೈಕ್ರಾಸ್ ಮಾತ್ರ ಹೆಸರಿನಲ್ಲಿ ಹಳೆಯದು, ಒಡಲಿನಲ್ಲಿ ಪೂರಾ ಹೊಸದು. ಏಣಿಯ ಚಾಸಿ ಹೋಯಿತು, ಡೀಸೆಲ್ ಹೋಯಿತು. ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರು ಜತೆಗೂಡುವ ಹೈಬ್ರಿಡ್ ಬಂತು. ವಾಹನ ಪತ್ರಿಕೆಗಳು ಅದರ ಮುಖ, ಮೈಲೇಜು, ಮೇಲ್ಛಾವಣಿಯ ಗಾಜನ್ನು ಬಣ್ಣಿಸಿದವು. ಬಿಡಿಭಾಗದ ವರ್ಕ್‌ಶಾಪಿನಲ್ಲಿ ನಿಂತವನ ಕಣ್ಣಿಗೆ ಬೀಳುವುದು ಬೇರೆ: ಮುಂದಿನ ಚಕ್ರ ತಿರುಗಿಸುವ ಗಾಡಿಗೆ ಪ್ರೊಪೆಲ್ಲರ್ ಶಾಫ್ಟ್ ಬೇಡ, ಹಿಂದಿನ ಭಾರೀ ಆಕ್ಸಲ್ ಬೇಡ, ಏಣಿಯ ತೊಲೆ ಬೇಡ. ಟೊಯೊಟಾ ಪದ್ಧತಿಯಲ್ಲಿ ಬಿಡಿಭಾಗಗಳ ರಾಶಿ ಹಾಕುವುದಿಲ್ಲ. ಬೇಕಾದಾಗ, ಬೇಕಾದಷ್ಟೇ ತರಿಸಿಕೊಳ್ಳುವುದು ಅದರ ನಿಯಮ. ಆ ಬೇಡಿಕೆಯ ಚೀಟಿಗೆ ಕಾನ್ಬಾನ್ ಎಂದು ಹೆಸರು. ಚೀಟಿ ನಿಂತರೆ ಪೂರೈಸುವವನ ಯಂತ್ರವೂ ನಿಲ್ಲುತ್ತದೆ. ಬಿಡದಿಯ ಬಿಡಿಭಾಗಗಳ ಕಂಪೆನಿ ಹೈಬ್ರಿಡ್ ಗಾಡಿಯ ವಿದ್ಯುತ್ ಚಾಲನಾ ಭಾಗಗಳಿಗೆ ಹೊರಳಿದ್ದು ಈ ಕಾರಣಕ್ಕೇ. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರದೊಂದಿಗೆ ಸಹಿಯಾದ 4,100 ಕೋಟಿ ರೂಪಾಯಿಗಳ ಒಡಂಬಡಿಕೆಯಲ್ಲಿ ಆ ಕೆಲಸವೂ ಸೇರಿತ್ತು. ದೊಡ್ಡ ಕಂಪೆನಿಗೆ ಹೀಗೆ ಹೊರಳುವ ಬಂಡವಾಳವಿರುತ್ತದೆ. ಎರಡು ಲೇತ್, ನಾಲ್ಕು ಆಳು ಇಟ್ಟುಕೊಂಡ ವರ್ಕ್‌ಶಾಪಿಗೆ ಅದು ಸುಲಭವಲ್ಲ.

ಇಲ್ಲೂ ಒಂದು ತಿರುವು. ಹಳೆಯ ಡೀಸೆಲ್ ಕ್ರಿಸ್ಟಾದ ಬುಕಿಂಗ್ 2022ರಲ್ಲಿ ನಿಂತಾಗ ಅದರ ಕಥೆ ಮುಗಿಯಿತೆಂದು ಬರೆದವರು ಬಹಳ. 2023ರಲ್ಲಿ ಅದು ಮರಳಿ ಬಂತು. ಟ್ಯಾಕ್ಸಿಯವರು ಅದನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ.

ಕಾರ್ಖಾನೆಯ ಒಳಗಿನವರ ಬದುಕೂ ಈ ಏರಿಳಿತದ ಜತೆಗೇ ಸಾಗಿದೆ. ಹಳ್ಳಿಗಾಡಿನ ಬಡ ಕುಟುಂಬಗಳ ಮಕ್ಕಳಿಗೆ ತಾಂತ್ರಿಕ ವಿದ್ಯೆ ಕಲಿಸಲು 2007ರಲ್ಲಿ ಬಿಡದಿಯಲ್ಲೇ ತರಬೇತಿ ಶಾಲೆ ತೆರೆಯಿತು. ಕೆಲಸದ ಹೊರೆ, ಶಿಸ್ತುಕ್ರಮಗಳ ಸುತ್ತ ಜಗಳವೂ ನಡೆಯಿತು. 2020ರ ನವೆಂಬರಿನಲ್ಲಿ ಕಾರ್ಮಿಕರ ಧರಣಿ, ಆಡಳಿತದ ಲಾಕ್‌ಔಟ್ ತಿಂಗಳುಗಟ್ಟಲೆ ಎಳೆದು 2021ರಲ್ಲಿ ಮುಗಿಯಿತು. ಹೊಸ ಗಾಡಿಗೆ ಬೇಡಿಕೆ ಹೆಚ್ಚಿದಾಗ ಅದನ್ನು ಯಾರ ಕೈ, ಯಾವ ವೇಗದಲ್ಲಿ ಪೂರೈಸಬೇಕೆಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ.

ಈಗಿನ ಊಹೆಗಳೆಲ್ಲ ಇದರ ಮುಂದುವರಿಕೆ. 2025ರ ಅಕ್ಟೋಬರಿನಲ್ಲಿ ಟೊಯೊಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ ಎಂಬ ಚಿಕ್ಕ ಎಸ್‌ಯುವಿಯನ್ನೂ, ನವೆಂಬರಿನಲ್ಲಿ ಹೊಸ ತಲೆಮಾರಿನ ಹೈಲಕ್ಸನ್ನೂ ಜಗತ್ತಿಗೆ ತೋರಿಸಿತು. ಎರಡೂ ಅದೇ ಐಎಂವಿ ವಂಶದವು. ಇಪ್ಪತ್ತು ವರ್ಷದ ಮೇಲೂ ಏಣಿಯ ಚಾಸಿ ಸತ್ತಿಲ್ಲ. ಭಾರತಕ್ಕೆ ಅವು ಎಂದು, ಯಾವ ಬೆಲೆಗೆ ಎಂಬ ಚರ್ಚೆ ಜೋರಾಗಿದೆ. ಹಾರೋಹಳ್ಳಿಯ ಕಡೆಯವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಅವು ಎಲ್ಲಿ ತಯಾರಾಗುತ್ತವೆ ಎಂಬುದು. 2023ರ ನವೆಂಬರಿನಲ್ಲಿ ಬಿಡದಿಯ ಮೂರನೆಯ ಕಾರ್ಖಾನೆಗೆ ಒಪ್ಪಂದವಾಯಿತು: 3,300 ಕೋಟಿ ರೂಪಾಯಿ, ವರ್ಷಕ್ಕೆ ಇನ್ನೊಂದು ಲಕ್ಷ ಗಾಡಿ, ಸುಮಾರು 2,000 ಉದ್ಯೋಗ. 2024ರ ಜುಲೈ 31ರಂದು ಅದೇ ಕಂಪೆನಿ ಮಹಾರಾಷ್ಟ್ರ ಸರ್ಕಾರದೊಂದಿಗೆ ಸಹಿ ಹಾಕಿತು. ಛತ್ರಪತಿ ಸಂಭಾಜಿನಗರದ ಬಳಿಯ ಆ ಯೋಜನೆಯ ಗಾತ್ರ 20,000 ಕೋಟಿ. ಊರಿನ ಹೆಸರು ಬಿಡ್ಕಿನ್. ಹೊಸ ಚಿಕ್ಕ ಎಸ್‌ಯುವಿ ಅಲ್ಲೇ ತಯಾರಾಗಬಹುದೆಂಬ ಸುದ್ದಿಗಳೂ ಬಂದಿವೆ. ಬಿಡದಿಯೋ, ಬಿಡ್ಕಿನ್ನೋ? ಕಿವಿಗೆ ಎರಡು ಹೆಸರೂ ಹತ್ತಿರ. ಬೈರಮಂಗಲದ ದಾರಿಯಲ್ಲಿ ಬೆಳಗಿನ ಪಾಳಿಗೆ ಹೊರಡುವವನಿಗೆ ನಡುವಿನ ದೂರ ಬಹಳ.

ಆದ್ದರಿಂದ ಮುಂದಿನ ಗಾಡಿಯ ಸುದ್ದಿ ಬಂದಾಗ ಚಿತ್ರದಲ್ಲಿ ಕಾಣುವ ಮುಖಕ್ಕಿಂತ ಕಾಣದ ಮೂರು ಸಂಗತಿಗಳನ್ನು ವಿಚಾರಿಸುವುದು ಲೇಸು. ಅದರ ಕೆಳಗೆ ಏಣಿ ಇದೆಯೇ, ಅದರ ಚಕ್ರ ತಿರುಗಿಸುವುದು ಡೀಸೆಲ್ಲೋ ವಿದ್ಯುತ್ತೋ, ಅದರ ಬಿಡಿಭಾಗಗಳಿಗೆ ಬೇಡಿಕೆಯ ಚೀಟಿ ಯಾವ ಊರಿಗೆ ಬರುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಹರಾಜು ಮುಗಿದರೆ ಬೆಳೆಗಾರನ ಊಹೆ ಸರಿಯೋ ತಪ್ಪೋ ಅಂದೇ ಗೊತ್ತಾಗುತ್ತದೆ. ಮುಂದಿನ ಬೆಳೆಗೆ ಮೊಟ್ಟೆ ತಂದು ಮತ್ತೆ ತೊಡಗಬಹುದು. ಗಾಡಿಯ ಊಹೆ ನಿಜವೋ ಸುಳ್ಳೋ ತಿಳಿಯಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಸಾಲ ತೆಗೆದವನ ಯಂತ್ರ ಬಂದು ಕೂತಿರುತ್ತದೆ, ಐಟಿಐಗೆ ಸೇರಿದ ಹುಡುಗ ಓದು ಮುಗಿಸಿರುತ್ತಾನೆ.