ಮನೆಯ ಬೆಕ್ಕು ಮರಿ ಹಾಕುವಾಗ: ಶ್ರಾವಕರ ಮನೆಯ ಹೊಣೆ

ಬೆಕ್ಕು ಗಬ್ಬವಾಗಿದೆ ಎಂಬುದು ಬಹುತೇಕ ಮನೆಗಳಲ್ಲಿ ಗೊತ್ತಾಗುವುದು ತಡವಾಗಿಯೇ. ಹಿತ್ತಿಲಲ್ಲಿ ಓಡಾಡಿಕೊಂಡಿದ್ದು, ಒಂದಿಷ್ಟು ಹಾಲು ಅನ್ನ ಹಾಕಿದ್ದಕ್ಕೆ ಮನೆಯದೇ ಆಗಿಬಿಟ್ಟ ಬೆಕ್ಕಿನ ಹೊಟ್ಟೆ ಒಂದು ದಿನ ದಪ್ಪಗೆ ಕಾಣುತ್ತದೆ. ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರ, ಅಂದರೆ 63ರಿಂದ 67 ದಿನ. ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತವೆಯಾದರೂ ಅದನ್ನು ಯಾರೂ ಗಮನಿಸುವುದಿಲ್ಲ. ಹೊಟ್ಟೆ ಕಣ್ಣಿಗೆ ಬೀಳುವುದು ಐದನೇ ವಾರದ ನಂತರ. ಆಗ ಮನೆಯಲ್ಲಿ ಏಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ಎಲ್ಲಾದರೂ ಬಿಟ್ಟು ಬನ್ನಿ.

ಬಿಟ್ಟು ಬರುವ ಜಾಗಗಳೂ ಎಲ್ಲರಿಗೆ ಗೊತ್ತಿರುವಂಥವೇ. ಊರಾಚೆಯ ರಸ್ತೆ, ಮೀನು ಮಾರುಕಟ್ಟೆ, ಗೋಶಾಲೆಯ ಗೇಟು, ಕೆಲವೊಮ್ಮೆ ಬಸದಿಯ ಅಂಗಳ. ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಆದರೆ ಕಣ್ಣು ಬಿಡದ ಮರಿಗೆ ತಾಯಿಯ ಮೈಬಿಸಿ ಮತ್ತು ಹಾಲಿಲ್ಲದೆ ಒಂದು ದಿನ ದಾಟುವುದೂ ಕಷ್ಟ. ಕೈಯಾರೆ ಕೊಲ್ಲಲಿಲ್ಲ ಎಂಬ ಸಮಾಧಾನ ಮನೆಯವರಿಗೆ ಉಳಿಯಬಹುದು; ಮರಿಯ ಪಾಲಿಗೆ ಅದರಿಂದ ವ್ಯತ್ಯಾಸವೇನೂ ಆಗುವುದಿಲ್ಲ.

ಶಾಸ್ತ್ರದ ಎರಡು ಮಾತು

ಜೈನ ಮನೆಯಲ್ಲಿ ಬೆಕ್ಕು ಸಾಕಬಾರದೆಂದು ಹಿರಿಯರು ಹೇಳುವುದಕ್ಕೆ ಆಧಾರವಿದೆ. ಕಾರ್ತಿಕೇಯಾನುಪ್ರೇಕ್ಷೆಯು ಗೃಹಸ್ಥರು ಬಿಡಬೇಕಾದ ಅನರ್ಥದಂಡಗಳನ್ನು ಹೇಳುವಾಗ ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕುವುದನ್ನು ಆಯುಧ ಮಾರುವುದರ ಜೊತೆಗೇ ಸೇರಿಸಿದೆ. ಇನ್ನೊಂದು ಜೀವವನ್ನು ಬೇಟೆಯಾಡುವ ಪ್ರಾಣಿಯನ್ನು ಪೋಷಿಸುವುದು ಆ ಹಿಂಸೆಗೆ ಒದಗಿಬಂದಂತೆ ಎಂಬುದು ಅದರ ಭಾವ. ಇದನ್ನೇ ಹಿಡಿದು ಗಬ್ಬದ ಬೆಕ್ಕನ್ನು ಹೊರಗಟ್ಟುವವರು ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯವನ್ನೂ ನೋಡಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನ ನಿರೋಧವೂ ಒಂದು. ಕೈ ನೋಡಿಕೊಂಡಿರುವ ಪ್ರಾಣಿಗೆ ಅನ್ನ ನೀರು ತಪ್ಪಿಸುವುದೇ ವ್ರತಕ್ಕೆ ದೋಷ.

ಈ ಎರಡು ಮಾತಿಗೆ ವಿರೋಧವಿಲ್ಲ. ಮೊದಲನೆಯದು ಬೆಕ್ಕನ್ನು ತರುವ ಮುಂಚಿನದು, ಎರಡನೆಯದು ಬೆಕ್ಕು ಬಂದು ನಿಂತ ಮೇಲಿನದು. ಬಂದಿರುವ ತಾಯಿಯನ್ನೂ ಹುಟ್ಟುವ ಮರಿಗಳನ್ನೂ ಕೈಬಿಡಬಾರದು; ಇನ್ನೊಂದು ಸೂಲು ಆಗದಂತೆಯೂ ನೋಡಿಕೊಳ್ಳಬೇಕು. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗಾಯಗೊಂಡ ಹದ್ದು, ಗಿಡುಗಗಳನ್ನು ಒಳಗೆ ಬೇರೆ ಹಕ್ಕಿಗಳೊಂದಿಗೆ ಇಟ್ಟುಕೊಳ್ಳುವುದಿಲ್ಲ. ಹಾಗೆಂದು ಬಾಗಿಲಿನಿಂದ ಓಡಿಸುವುದೂ ಇಲ್ಲ, ಚಿಕಿತ್ಸೆ ಕೊಟ್ಟು ಕಳಿಸುತ್ತಾರೆ. ಮನೆಯಲ್ಲೂ ಇದೇ ರೀತಿ ನಡೆಯಬಹುದು.

ನೆಲದ ಕಾನೂನೂ ಇದೆ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ವಿಷವಿಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಗಬ್ಬದಲ್ಲಿರುವಾಗಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಪಶುವೈದ್ಯರಿಗೆ ಸಾಧ್ಯ. ಆಗ ಮರಿಗಳು ಉಳಿಯುವುದಿಲ್ಲ. ಪಂಚೇಂದ್ರಿಯ ಜೀವಗಳ ಪ್ರಶ್ನೆಯಾದ್ದರಿಂದ ಜೈನ ಮನೆಗಳು ಇದನ್ನು ಒಪ್ಪುವುದು ಅಪರೂಪ. ಒಪ್ಪದವರು ಮುಂದಿನ ನಾಲ್ಕು ತಿಂಗಳ ಕೆಲಸಕ್ಕೆ ಸಿದ್ಧರಾಗಬೇಕು.

ಆಹಾರದ ಸಂಕಟ

ಎಲ್ಲಕ್ಕಿಂತ ಕಷ್ಟದ್ದು ಇದು. ನಾಯಿ ಅನ್ನ, ಹಾಲು, ತರಕಾರಿಯಲ್ಲಿ ಒಂದು ಮಟ್ಟಿಗೆ ಬದುಕಬಲ್ಲದು. ಬೆಕ್ಕಿನ ದೇಹ ಹಾಗಿಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಕ್ಯಾರೆಟ್, ಸೊಪ್ಪಿನಲ್ಲಿರುವ ಕ್ಯಾರೋಟಿನನ್ನು ಎ ಜೀವಸತ್ವವಾಗಿ ಬದಲಾಯಿಸಿಕೊಳ್ಳಲಾರದು. ಟಾರಿನ್ ಕೊರತೆಯಾದರೆ ಕಣ್ಣಿನ ಒಳಪರದೆ ಹಾಳಾಗಿ ಕುರುಡಾಗುತ್ತದೆ. ಹೃದಯದ ಸ್ನಾಯು ಸೋಲುವುದಕ್ಕೂ ಅದೇ ಕಾರಣವೆಂದು 1987ರಲ್ಲಿ ಖಚಿತವಾಯಿತು. ಗಬ್ಬದ ಬೆಕ್ಕಿಗೆ ಕೊರತೆಯಾದರೆ ಮರಿಗಳು ಸತ್ತು ಹುಟ್ಟುವುದು, ಬಲವಿಲ್ಲದೆ ಹುಟ್ಟುವುದು ಉಂಟು. ಹಾಲನ್ನದ ಮೇಲೆ ಬೆಕ್ಕು ದುಂಡಗೆ ಬೆಳೆದಿದೆ ಎಂದು ಹೇಳುವ ಮನೆಗಳಲ್ಲಿ ಆ ಬೆಕ್ಕು ಹೊರಗೆ ಇಲಿ, ಹಲ್ಲಿ, ಹಕ್ಕಿ ಹಿಡಿಯುತ್ತಿರುತ್ತದೆ, ಅಷ್ಟೆ.

ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರದಲ್ಲಿ ಸಾಮಾನ್ಯವಾಗಿ ಮಾಂಸಾಂಶ ಇರುತ್ತದೆ. ಕೃತಕ ಟಾರಿನ್ ಬೆರೆಸಿದ ಸಸ್ಯಾಧಾರಿತ ಆಹಾರಗಳೂ ತಯಾರಾಗುತ್ತಿವೆ, ಬೆಳೆದ ಬೆಕ್ಕಿಗೆ ವೈದ್ಯರ ನಿಗಾದಲ್ಲಿ ಕೊಡುವವರಿದ್ದಾರೆ. ಗಬ್ಬದ ಅಥವಾ ಹಾಲೂಡುವ ತಾಯಿಗೆ, ಬೆಳೆಯುವ ಮರಿಗೆ ಅದೊಂದನ್ನೇ ನಂಬುವುದು ಸರಿಯಲ್ಲ. ಹಾಲೂಡುವ ತಾಯಿಗೆ ಮಾಮೂಲಿಗಿಂತ ಎರಡರಿಂದ ಮೂರು ಪಟ್ಟು ಆಹಾರ ಬೇಕಾಗುತ್ತದೆ.

ಮಾಂಸಾಂಶದ ಪೊಟ್ಟಣವನ್ನು ಮನೆಯೊಳಗೆ ತರಲಾಗದ ಕುಟುಂಬಕ್ಕೆ ನೇರವಾದ ದಾರಿ ಒಂದಿದೆ. ಗಬ್ಬ ಗೊತ್ತಾದ ಕೂಡಲೇ, ಬೆಕ್ಕಿಗೆ ತಕ್ಕ ಆಹಾರ ಕೊಡಬಲ್ಲ ನೆರೆಯವರನ್ನೋ ಪ್ರಾಣಿದಯಾ ಸಂಸ್ಥೆಯ ಸ್ವಯಂಸೇವಕರನ್ನೋ ಹುಡುಕಿ ತಾಯಿಯನ್ನು ಒಪ್ಪಿಸುವುದು. ವೈದ್ಯರ ಖರ್ಚು, ಮರಿಗಳಿಗೆ ಮನೆ ಹುಡುಕುವ ಕೆಲಸ ತಮ್ಮಲ್ಲೇ ಇಟ್ಟುಕೊಳ್ಳುವುದು. ಇದು ಕೊನೆಯ ವಾರಕ್ಕೆ ಮುಂಚೆ ಆಗಬೇಕು. ಹೆರಿಗೆ ಹತ್ತಿರವಾದ ಬೆಕ್ಕು ಹೊಸ ಜಾಗದಲ್ಲಿ ಬೆದರಿ ಓಡಿಹೋಗಬಹುದು. ತಾವೂ ಸರಿಯಾಗಿ ಹಾಕದೆ ಬೇರೆಯವರಿಗೂ ಒಪ್ಪಿಸದೆ ಅರೆಹೊಟ್ಟೆಯಲ್ಲಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಜೈನ ಅಡುಗೆಮನೆಯಿಂದ ಬೆಕ್ಕಿಗೆ ಒಂದು ಅನುಕೂಲವಂತೂ ಇದೆ: ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ.

ಹೆರಿಗೆ

ಮನೆಯವರು ಮಾಡುವುದು ಹೆಚ್ಚೇನಿಲ್ಲ. ಜನ ಓಡಾಡದ ಮೂಲೆಯಲ್ಲಿ, ಅಡುಗೆಮನೆ ಮತ್ತು ದೇವರ ಕೋಣೆಯಿಂದ ದೂರವಾಗಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಸೀರೆ ಹಾಸಿ ಹತ್ತು ದಿನ ಮೊದಲೇ ಇಟ್ಟರೆ ಬೆಕ್ಕು ಅದನ್ನು ಒಪ್ಪಿಕೊಳ್ಳಬಹುದು. ಅಟ್ಟವನ್ನೋ ಬಟ್ಟೆಯ ಕಪಾಟನ್ನೋ ಆರಿಸಿಕೊಂಡರೂ ಆಶ್ಚರ್ಯವಿಲ್ಲ. ಅದರ ಸುತ್ತಮುತ್ತ ಫಿನಾಯಿಲ್ ಹಾಕಿ ಒರೆಸಬಾರದು, ನುಸಿಗುಳಿಗೆ ಇಡಬಾರದು. ಎರಡೂ ಬೆಕ್ಕಿಗೆ ವಿಷ. ನೋವಾಗುತ್ತಿದೆ ಎಂದು ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ.

ಸಾಮಾನ್ಯವಾಗಿ ಮೂರರಿಂದ ಐದು ಮರಿ. ತಾಯಿಯೇ ಪೊರೆ ಹರಿದು, ಹೊಕ್ಕುಳಬಳ್ಳಿ ಕಡಿದು, ಮಾಸು ತಿಂದು ಸ್ವಚ್ಛ ಮಾಡಿಕೊಳ್ಳುತ್ತದೆ. ಅರ್ಧ ಗಂಟೆಗೂ ಹೆಚ್ಚು ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಇನ್ನೂ ಮರಿಯಿದ್ದು ತಾಯಿ ಎರಡು ಗಂಟೆ ಒದ್ದಾಡುತ್ತಿದ್ದರೆ, ಮರಿ ಬರುವ ಮುಂಚೆಯೇ ಹಸಿರು ಅಥವಾ ಕಪ್ಪು ಸ್ರಾವ ಕಂಡರೆ, ರಕ್ತ ನಿಲ್ಲದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮುಖ್ಯವಾಗಿ ದನಕರುಗಳ ಚಿಕಿತ್ಸೆಯೇ ನಡೆಯುವುದರಿಂದ ಬೆಕ್ಕಿನ ಶಸ್ತ್ರಚಿಕಿತ್ಸೆ ಮಾಡುವವರು ಯಾರೆಂದು ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಸೂತಕದ ಮಾತು ಇಲ್ಲಿ ಬರುತ್ತದೆ. ಸಾಕುಪ್ರಾಣಿ ಮನೆಯೊಳಗೆ ಹೆತ್ತರೆ ಒಂದು ದಿನದ ಸೂತಕ ಹಿಡಿಯುವ ರೂಢಿ ದಿಗಂಬರ ಮನೆಗಳಲ್ಲಿದೆ. ಪಾಲಿಸುವ ಕ್ರಮ ಊರಿಂದೂರಿಗೆ ಬೇರೆ. ಬಸದಿಯ ಪುರೋಹಿತರನ್ನು ಕೇಳಿದರೆ ತಿಳಿಯುತ್ತದೆ. ಒಂದು ದಿನ ಪೂಜೆಗೆ ನಿಲ್ಲದಿರುವುದಕ್ಕೂ ಹೆರುತ್ತಿರುವ ಬೆಕ್ಕನ್ನು ಮಳೆಗೆ ತಳ್ಳುವುದಕ್ಕೂ ಸಂಬಂಧವಿಲ್ಲ.

ಮರಿಗಳ ಎಂಟು ವಾರ

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿಗೆ ಕಾರಣ ಹೆಚ್ಚಾಗಿ ಮನುಷ್ಯರೇ. ಮಕ್ಕಳು ದಿನಕ್ಕೆ ಹತ್ತು ಸಲ ಇಣುಕಿದರೆ ತಾಯಿ ಅಪಾಯವೆಂದು ತಿಳಿದು ಮರಿಗಳನ್ನು ಕಚ್ಚಿಕೊಂಡು ಹೊರಡುತ್ತದೆ. ಮೊದಲ ವಾರ ದಿನಕ್ಕೊಮ್ಮೆ ತೂಗಿ ನೋಡಿದರೆ ಸಾಕು. ಹುಟ್ಟಿದಾಗ ಮರಿ ಸುಮಾರು ನೂರು ಗ್ರಾಂ ಇದ್ದು, ದಿನಕ್ಕೆ ಹತ್ತು ಗ್ರಾಂನಷ್ಟು ಏರಬೇಕು. ಏರದ ಮರಿಗೆ ಹಾಲು ಸಿಗುತ್ತಿಲ್ಲವೆಂದು ಅರ್ಥ. ಏಳರಿಂದ ಹದಿನಾಲ್ಕು ದಿನದೊಳಗೆ ಕಣ್ಣು ಬಿಡುತ್ತವೆ.

ತಾಯಿ ಸತ್ತರೆ ಅಥವಾ ಮರಳದಿದ್ದರೆ ಹಸುವಿನ ಹಾಲು ಕುಡಿಸುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಭೇದಿಯಾಗಿ ಮರಿ ಸೊರಗುತ್ತದೆ. ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಪ್ರಾಣಿಗಳ ಆಹಾರದ ಅಂಗಡಿಗಳಲ್ಲಿ ಸಿಗುತ್ತದೆ. ಮರಿಯನ್ನು ಹೊಟ್ಟೆ ಅಡಿಯಾಗಿ ಇಟ್ಟು ಕುಡಿಸಬೇಕು. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣಗಾದ ಮರಿಗೆ ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಕಾವು, ಆಮೇಲೆ ಹಾಲು. ಪ್ರತಿ ಸಲ ಹಾಲು ಕೊಟ್ಟ ಬಳಿಕ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸದಿದ್ದರೆ ಮರಿ ತಾನಾಗಿ ಮಲಮೂತ್ರ ಮಾಡಲಾರದು.

ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಕ್ಕಿನ ಮಲ ತೆಗೆಯುವ ಕೆಲಸ ಬೇರೆಯವರು ಪ್ರತಿದಿನ ಮಾಡಬೇಕು. ಅದರಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಹೊರಬಿದ್ದು ಒಂದೆರಡು ದಿನ ಕಳೆದ ಮೇಲೆಯೇ ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ಚಿಗಟ ಹೆಚ್ಚಾದರೆ ಎಳೆಯ ಮರಿ ರಕ್ತಹೀನತೆಯಿಂದಲೇ ಸಾಯಬಹುದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆದು ದೂರ ಬಿಡುವುದು ಮರಿಗೂ ಕ್ಷೇಮ, ವ್ರತಕ್ಕೂ ಹೊಂದುತ್ತದೆ. ನಾಯಿಗೆ ಹಚ್ಚುವ ಪರ್ಮೆತ್ರಿನ್ ಔಷಧಿ ಬೆಕ್ಕನ್ನು ಕೊಲ್ಲುತ್ತದೆ. ಜಂತುಹುಳದ ಔಷಧಿಯ ಬಗ್ಗೆ ಸಂಕೋಚಪಡುವವರಿದ್ದಾರೆ. ಮಗುವಿಗಾದರೆ ಏನು ಮಾಡುತ್ತಿದ್ದರೋ ಅದನ್ನೇ ಮರಿಗೂ ಮಾಡುವುದು ನ್ಯಾಯ.

ನಾಲ್ಕನೇ ವಾರದಿಂದ ಮೆದು ಆಹಾರ, ಎಂಟನೇ ವಾರಕ್ಕೆ ಹಾಲು ಬಿಡುವುದು, ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ. ಅದಕ್ಕೂ ಮುಂಚೆ ಮರಿಗಳನ್ನು ಯಾವ ಆಶ್ರಯತಾಣಕ್ಕೂ ಕೊಡಬಾರದು. ಪಾಂಜರಪೋಳವಾದರೂ ಸರಿ, ಲಸಿಕೆಯಿಲ್ಲದ ಎಳೆಮರಿಗಳು ಹಲವು ಬೆಕ್ಕುಗಳ ನಡುವೆ ಸೇರಿದರೆ ಪಾರ್ವೊ ಜಾತಿಯ ಸೋಂಕಿಗೆ ಕೆಲವೇ ದಿನಗಳಲ್ಲಿ ತುತ್ತಾಗುತ್ತವೆ.

ಯಾರಿಗೆ ಕೊಡಬೇಕು, ಯಾರಿಗೆ ಬಾರದು

ಮನೆ ಹುಡುಕುವುದನ್ನು ಮರಿ ಹುಟ್ಟಿದ ವಾರವೇ ಶುರುಮಾಡಬೇಕು. ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಮೆಚ್ಚುಗೆ ಬಹಳ ಬರುತ್ತದೆ, ಮನೆ ಸಿಗುವುದು ಕಡಿಮೆ. ಆಹಾರದ ತೊಡಕು ಅಲ್ಲೂ ಅದೇ. ಕಚೇರಿ, ಶಾಲೆ, ಅಪಾರ್ಟ್‌ಮೆಂಟ್ ಸಂಘ, ಪಶುವೈದ್ಯರ ಫಲಕದ ಮೂಲಕ ಹುಡುಕಿದರೆ ಬೇಗ ಆಗುತ್ತದೆ. ಕೇಳುವವರ ಮನೆಯನ್ನು ಒಮ್ಮೆ ನೋಡಿ ಬರುವುದರಲ್ಲಿ ಸಂಕೋಚ ಬೇಡ. ಮೇಲಿನ ಮಹಡಿಯಾದರೆ ಕಿಟಕಿಗೆ ಜಾಲರಿ ಇದೆಯೇ, ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆಯೇ ಎಂದು ಕೇಳಬೇಕು. ಎರಡು ಮರಿಗಳನ್ನು ಒಟ್ಟಿಗೆ ಕೊಟ್ಟರೆ ಅವು ಬೇಗ ಹೊಂದಿಕೊಳ್ಳುತ್ತವೆ.

ಅಡಿಕೆ ಮಂಡಿಗೋ ಧಾನ್ಯದ ಗೋದಾಮಿಗೋ ಇಲಿ ಹಿಡಿಯಲೆಂದು ಮರಿ ಕೇಳುವವರಿರುತ್ತಾರೆ, ವ್ಯಾಪಾರಿ ಕುಟುಂಬಗಳಲ್ಲೇ ಇರುತ್ತಾರೆ. ಮರಿಗೆ ಮನೆ ಸಿಕ್ಕಿತೆಂದು ಕೊಟ್ಟುಬಿಡುವುದು ಸುಲಭ. ಆದರೆ ಕೊಲ್ಲಲೆಂದೇ ಕೊಡುವುದು ಶಾಸ್ತ್ರ ಹೇಳುವ ಹಿಂಸಾದಾನವೇ. ಗೋದಾಮಿಗೆ ಬೇಕಾದದ್ದು ಬಾಗಿಲಡಿಯ ಸಂದು ಮುಚ್ಚುವುದು.

ತಾಯಿಯ ಶಸ್ತ್ರಚಿಕಿತ್ಸೆ

ಇಷ್ಟೆಲ್ಲ ಮಾಡಿ ಇದೊಂದನ್ನು ಬಿಟ್ಟರೆ ಅದೇ ವರ್ಷ ಮತ್ತೆ ಪೆಟ್ಟಿಗೆ ಹಾಸಬೇಕಾಗುತ್ತದೆ. ಬೆಕ್ಕು ಹಾಲೂಡುತ್ತಿರುವಾಗಲೇ ಬೆದೆಗೆ ಬಂದು ಗಬ್ಬವಾಗಬಲ್ಲದು. ಹೆಣ್ಣುಮರಿಗಳು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಒಡಹುಟ್ಟಿದ ಗಂಡಿನಿಂದಲೂ ಗಬ್ಬವಾಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆ ಆಗುವವರೆಗೆ ತಾಯಿಯನ್ನು ಹೊರಗೆ ಬಿಡಬಾರದು.

ಶಸ್ತ್ರಚಿಕಿತ್ಸೆಯೂ ಅಂಗಚ್ಛೇದವಲ್ಲವೇ, ಅದೂ ಅತಿಚಾರವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನೋವು ಕೊಡಲೆಂದು ಕತ್ತರಿಸುವುದಕ್ಕೂ ಅರಿವಳಿಕೆ ಕೊಟ್ಟು, ಮುಂದೆ ಬೀದಿಯಲ್ಲಿ ಸಾಯಬಹುದಾದ ಮರಿಗಳು ಹುಟ್ಟದಂತೆ ಮಾಡುವುದಕ್ಕೂ ಭಾವದಲ್ಲಿ ಅಂತರವಿದೆ ಎಂದು ಒಪ್ಪಿಕೊಳ್ಳುವವರು ಮಾಡಿಸುತ್ತಾರೆ. ಒಪ್ಪದವರಿಗೆ ಉಳಿಯುವುದು ಬೆಕ್ಕನ್ನು ಜೀವನಪೂರ್ತಿ ಒಳಗೇ ಇಟ್ಟುಕೊಳ್ಳುವ ದಾರಿ. ಗಬ್ಬವಾಗದಿದ್ದರೆ ಬೆದೆ ಎರಡು ಮೂರು ವಾರಕ್ಕೊಮ್ಮೆ ಮರಳುತ್ತದೆ, ರಾತ್ರಿಯಿಡೀ ಕೂಗಾಟ ಇರುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಅಪಾಯವೂ ಇರುತ್ತದೆ. ಬಾಗಿಲು ಒಂದೇ ಸಲ ತೆರೆದಿದ್ದರೂ ಸಾಕು.

ಮರಿಗಳು ಹಾಲು ಬಿಟ್ಟು ಸುಮಾರು ಎರಡು ವಾರಕ್ಕೆ, ಮೊಲೆ ಬತ್ತಿದ ಮೇಲೆ, ತಾಯಿಗೆ ದಿನ ಗೊತ್ತುಮಾಡಬಹುದು. ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಆಹಾರ ನಿಲ್ಲಿಸಬೇಕೆಂದು ವೈದ್ಯರು ಹೇಳುತ್ತಾರೆ. ಮನೆಗೆ ತಂದ ಮೇಲೆ ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ಹಾಕಿ ಹತ್ತು ದಿನ ಒಂದೇ ಕೋಣೆಯಲ್ಲಿಡಬೇಕು. ಮನೆಯಲ್ಲೇ ಉಳಿದ ಮರಿಗಳಿಗೆ, ಗಂಡಾದರೂ ಹೆಣ್ಣಾದರೂ, ನಾಲ್ಕನೇ ತಿಂಗಳಲ್ಲಿ ಇದೇ ಏರ್ಪಾಡು.