ಕಿವಿ ಮುಟ್ಟಿದರೆ ಒಂದನೇ ಕ್ಲಾಸು

ಪ್ರತಿ ವರ್ಷ ಜೂನ್ 1ನೇ ತಾರೀಕು ನಮ್ಮ ಪ್ರೈಮರಿ ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಕೇಕಿನ ಚಿತ್ರ ಬಂದು ಬೀಳುತ್ತೆ. ಕೆಳಗೆ ‘ನಮ್ಮೆಲ್ಲರಿಗೂ ಹುಟ್ಟುಹಬ್ಬದ ಶುಭಾಶಯಗಳು’ ಅಂತ ಇರುತ್ತೆ. ಗ್ರೂಪಿನಲ್ಲಿ ಇರೋದು 23 ಜನ, ಅದರಲ್ಲಿ 17 ಜನ ಹುಟ್ಟಿದ್ದು ಅವತ್ತೇ. ಅಂದರೆ ದಾಖಲೆ ಪ್ರಕಾರ. ನಾನೂ ಆ ಹದಿನೇಳರಲ್ಲಿ ಒಬ್ಬ. ಹಳ್ಳಿ ಸ್ಕೂಲಲ್ಲಿ ಓದಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ಈ ತಾರೀಕಿನ ವಿಷಯ ಲಕ್ಷ್ಮೀಪುರಂನ ನಮ್ಮ ಬಾಡಿಗೆ ಮನೆಯೊಳಗೆ ಜಗಳವಾಗಿ ಬಂತು. ಬರುವ 2026ರ ಜನವರಿಗೆ ನಾವು ಮೆಲ್ಬರ್ನ್‌ಗೆ ಹೋಗ್ತಿದ್ದೀವಿ. ಮಗಳು ಇಲ್ಲಿ ಮೂರನೇ ಕ್ಲಾಸು, ಅರ್ಧ ವರ್ಷ ಮುಗಿಸಿದ್ದಾಳೆ. ಅಲ್ಲಿ ಅವಳನ್ನ ಮತ್ತೆ ಮೂರನೇ ಕ್ಲಾಸಿನ ಮೊದಲ ದಿನದಿಂದ ಕೂರಿಸ್ತಾರೆ. ‘ಅಂದ್ರೆ ಆರು ತಿಂಗಳು ದಂಡ’ ಅಂದಳು ಹೆಂಡತಿ. ಅದೇ ನಾವು ಸಿಡ್ನಿಗೆ ಹೋಗಿದ್ದರೆ ಇದೇ ಮಗು ನಾಲ್ಕನೇ ಕ್ಲಾಸಿಗೆ ಹೋಗಬಹುದಿತ್ತು ಅಂತ ಗೊತ್ತಾದ ಮೇಲಂತೂ ಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪು ಸರಿಯಾಗಿ ಬೀಳಲಿಲ್ಲ.

ಲೆಕ್ಕ ಹೀಗಿದೆ. ಆಸ್ಟ್ರೇಲಿಯಾದಲ್ಲಿ ಶಾಲೆಯ ವರ್ಷ ಜನವರಿ ಕೊನೆಗೆ ಶುರುವಾಗಿ ಡಿಸೆಂಬರಿಗೆ ಮುಗಿಯುತ್ತೆ. ಹೊರಗಿಂದ ಬಂದ ಮಗುವನ್ನ ಸಾಮಾನ್ಯವಾಗಿ ಕೂರಿಸೋದು ವಯಸ್ಸು ನೋಡಿ, ಮಾರ್ಕ್ಸ್ ಕಾರ್ಡ್ ನೋಡಿ ಅಲ್ಲ. ಆದರೆ ವಯಸ್ಸಿನ ಗೆರೆಯನ್ನ ಒಂದೊಂದು ರಾಜ್ಯ ಒಂದೊಂದು ಕಡೆ ಎಳೆದಿದೆ. ಮೊದಲ ತರಗತಿಗೆ ಸೇರಬೇಕಾದರೆ ವಿಕ್ಟೋರಿಯಾದಲ್ಲಿ ಆ ವರ್ಷದ ಏಪ್ರಿಲ್ 30ರೊಳಗೆ ಐದು ತುಂಬಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಜೂನ್ 30, ನ್ಯೂ ಸೌತ್ ವೇಲ್ಸ್‌ನಲ್ಲಿ ಜುಲೈ 31. ಟಾಸ್ಮೇನಿಯಾದಲ್ಲಿ ಜನವರಿ 1ಕ್ಕೇ ಐದು ತುಂಬಿರಬೇಕು. ಆ ಮೊದಲ ತರಗತಿಗೆ ಹೆಸರೂ ಒಂದೇ ಅಲ್ಲ, ಸಿಡ್ನಿಯಲ್ಲಿ ಕಿಂಡರ್‌ಗಾರ್ಟನ್, ಮೆಲ್ಬರ್ನ್‌ನಲ್ಲಿ ಪ್ರೆಪ್. ನಮ್ಮ ಮಗಳು ಹುಟ್ಟಿದ್ದು 2017ರ ಜೂನ್ 20. 2022ರ ಏಪ್ರಿಲ್ 30ಕ್ಕೆ ಅವಳಿಗೆ ಐದು ತುಂಬಿರಲಿಲ್ಲ, ಜುಲೈ 31ಕ್ಕೆ ತುಂಬಿತ್ತು. ಹಾಗಾಗಿ ಮೆಲ್ಬರ್ನ್‌ನಲ್ಲಿ ಮೂರು, ಸಿಡ್ನಿಯಲ್ಲಿ ನಾಲ್ಕು. ಮಗು ಅದೇ, ಮಗ್ಗಿ ಬಾಯಿಪಾಠ ಬರೋದೂ ಅಷ್ಟೇ.

ಹೆಂಡತಿಗೆ ಸಮಾಧಾನ ಹೇಳೋಣ ಅಂತ ಕೂತಾಗ ನನಗೆ ನೆನಪಾಗಿದ್ದು ನನ್ನ ಜೂನ್ 1.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ನಾನು ಹುಟ್ಟಿದ್ದು 1988ರ ಗೌರಿ ಹಬ್ಬ ಕಳೆದ ಮೂರನೇ ದಿನ, ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿದ್ದ ರಾತ್ರಿ. ಅವ್ವನಿಗೆ ತಾರೀಕು ಗೊತ್ತಿಲ್ಲ, ಬ್ಯಾರನ್ ಗೊತ್ತು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು. ಆದರೆ ಮನೆಯಲ್ಲೇ ಹೆರಿಗೆಯಾದ ನಮ್ಮಂಥವರ ಹೆಸರು ಆ ರಿಜಿಸ್ಟರಿಗೆ ಹತ್ತಲಿಲ್ಲ. ಸರ್ಕಾರದ ಪುಸ್ತಕದಲ್ಲಿ ನಾವು ಹುಟ್ಟುತ್ತಿದ್ದದ್ದು ಸ್ಕೂಲಿಗೆ ಸೇರಿದ ದಿನ.

1993ರ ಜೂನಿನಲ್ಲಿ ಅಪ್ಪ ನನ್ನನ್ನ ಸ್ಕೂಲಿಗೆ ಕರಕೊಂಡು ಹೋದರು. ಆಗ ನನಗೆ ನಾಲ್ಕು ಮುಕ್ಕಾಲು ವರ್ಷ. ಹೆಡ್‌ಮೇಷ್ಟ್ರು ‘ತಲೆ ಮೇಲಿಂದ ಕೈ ಬಳಸಿ ಆ ಕಡೆ ಕಿವಿ ಮುಟ್ಟು’ ಅಂದರು. ಇದು ನಮ್ಮ ಕಡೆ ಮಾತ್ರ ಇದ್ದ ಪರೀಕ್ಷೆ ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಫಿಲಿಪೀನ್ಸ್‌ನಲ್ಲಿ, ಆಫ್ರಿಕಾದ ಹಲವು ದೇಶಗಳಲ್ಲೂ ಇದೇ ಇತ್ತಂತೆ. ಅದಕ್ಕೊಂದು ಲಾಜಿಕ್ ಇದೆ. ಮಗುವಿನ ತಲೆ ಬೇಗ ಬೆಳೆದುಬಿಡುತ್ತೆ, ಕೈಕಾಲು ಆಮೇಲೆ ಉದ್ದ ಆಗ್ತವೆ. ಆರು ವರ್ಷದ ಆಸುಪಾಸಿಗೆ ಕೈ ಕಿವಿಗೆ ಎಟುಕುತ್ತೆ. ಹುಟ್ಟಿದ ಪತ್ರ ಇಲ್ಲದ ಊರಿನಲ್ಲಿ ಮೈಯನ್ನೇ ಪತ್ರ ಅಂತ ಓದೋ ಉಪಾಯ ಅದು.

ನನ್ನ ಕೈ ಎಟುಕಲಿಲ್ಲ. ಮೇಷ್ಟ್ರು ಅಪ್ಪನ ಮುಖ ನೋಡಿದರು, ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಿದರು. ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋದರೆ ನನ್ನನ್ನ ನೋಡಿಕೊಳ್ತಿದ್ದದ್ದು ಅಕ್ಕ. ನಾನು ಸ್ಕೂಲಿಗೆ ಸೇರದಿದ್ದರೆ ಒಂಬತ್ತು ವರ್ಷದ ಅವಳು ಇನ್ನೊಂದು ವರ್ಷ ಮನೆಯಲ್ಲಿ ಉಳೀಬೇಕಿತ್ತು. ಉಳಿದ ಹುಡುಗಿ ಮತ್ತೆ ಸ್ಕೂಲಿಗೆ ಬರೋದು ಕಷ್ಟ ಅಂತ ಮೇಷ್ಟ್ರಿಗೆ ಗೊತ್ತಿತ್ತು. ನನ್ನ ತಲೆ ಸ್ವಲ್ಪ ಬಗ್ಗಿಸಿ, ಬೆರಳು ಹಿಡಿದೆಳೆದು ಕಿವಿಗೆ ಮುಟ್ಟಿಸಿದರು. ರಿಜಿಸ್ಟರಿನಲ್ಲಿ ‘1-6-1987’ ಅಂತ ಬರೆದರು. ಒಂದು ಗೆರೆಯಲ್ಲಿ ನನಗೆ ಹದಿನೈದು ತಿಂಗಳು ವಯಸ್ಸು ಜಾಸ್ತಿಯಾಯಿತು. ಅಕ್ಕ ನಾಲ್ಕನೇ ಕ್ಲಾಸಿಗೆ ಬಂದು ಕೂತಳು. ಈಗ ಅವಳು ನರ್ಸು.

ಶಾಲೆಯ ಬಾಗಿಲಲ್ಲಿ ಮಗುವನ್ನ ಅಳೆಯೋ ಕೋಲು ಕಾಲಕ್ಕೊಂದು, ದೇಶಕ್ಕೊಂದು. ನಮ್ಮ ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ತಂದು ಆಯ್ದ ಜಾಗಗಳಲ್ಲಿ ಕಡ್ಡಾಯ ಮಾಡಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಒಳಗೆ ಬರೋಕೆ ವಯಸ್ಸು ನೋಡಿದರೂ, ಮೇಲಕ್ಕೆ ಹೋಗೋಕೆ ಬೇಕಾಗಿದ್ದದ್ದು ಪರೀಕ್ಷೆ. ಫೇಲಾದರೆ ಅಲ್ಲೇ ಕೂರಬೇಕು. ಇದಕ್ಕೆ ಉದಾಹರಣೆ ಬೇಕಂದರೆ ನಮ್ಮ ಲಕ್ಷ್ಮೀಪುರಂ ದಾಟಿ ಹೋಗಬೇಕಾಗಿಲ್ಲ. ಆರ್.ಕೆ. ನಾರಾಯಣ್ ಮದರಾಸಿನಲ್ಲಿ ಅಜ್ಜಿ ಹತ್ತಿರ ಬೆಳೆದು ಅಲ್ಲಿನ ಶಾಲೆಗಳಲ್ಲಿ ಓದುತ್ತಿದ್ದವರು. ಅಪ್ಪನಿಗೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ವರ್ಗವಾದ ಮೇಲೆ ಮೈಸೂರಿಗೆ ಬಂದರು. ಆ ಕುಟುಂಬ ಇದ್ದದ್ದು ಇದೇ ಲಕ್ಷ್ಮೀಪುರಂನಲ್ಲಿ. ಮದರಾಸಿಂದ ಮೈಸೂರಿಗೆ ಅಂದರೆ ಆ ಕಾಲಕ್ಕೆ ಬ್ರಿಟಿಷ್ ಸೀಮೆಯಿಂದ ಸಂಸ್ಥಾನಕ್ಕೆ ಬಂದ ಹಾಗೆ. ಹೆಡ್‌ಮಾಸ್ಟರ್ ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಒಂದು ವರ್ಷ ಮನೆಯಲ್ಲಿದ್ದು ಓದಿದರು, ಬರೆದರು. 1926ರಲ್ಲಿ ಪಾಸಾಗಿ ಮಹಾರಾಜಾ ಕಾಲೇಜಿಗೆ ಸೇರಿದರು. ಅಲ್ಲೂ ಡಿಗ್ರಿಗೆ ಒಂದು ವರ್ಷ ಜಾಸ್ತಿ ಹಿಡಿದು 1930ರಲ್ಲಿ ಮುಗಿಸಿದರು. ಐದು ವರ್ಷಕ್ಕೆ, 1935ರಲ್ಲಿ, ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ನಾನಿದನ್ನ ಹೆಂಡತಿಗೆ ಹೇಳಿದಾಗ ‘ಫೇಲಾದವರೆಲ್ಲ ಕಾದಂಬರಿ ಬರೀತಾರಾ?’ ಅಂದಳು. ಅದೂ ನಿಜ.

ಆಸ್ಟ್ರೇಲಿಯಾದವರೂ ಮೊದಲಿಂದ ವಯಸ್ಸು ನೋಡಿ ಕೂರಿಸಿದವರಲ್ಲ. ವಿಕ್ಟೋರಿಯಾ 1872ರಲ್ಲೇ ಉಚಿತ, ಕಡ್ಡಾಯ, ಧರ್ಮನಿರಪೇಕ್ಷ ಶಿಕ್ಷಣದ ಕಾನೂನು ಮಾಡಿತ್ತು. ಆದರೆ ಅದೇ ವಿಕ್ಟೋರಿಯಾದಲ್ಲಿ 1862ರಿಂದ 20ನೇ ಶತಮಾನದ ಆರಂಭದವರೆಗೂ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಮೇಷ್ಟ್ರ ಸಂಬಳದ ಒಂದು ಭಾಗ ಕೊಡುತ್ತಿದ್ದರು. ಇನ್‌ಸ್ಪೆಕ್ಟರ್ ಬಂದ ದಿನ ಮಗು ಲೆಕ್ಕ ತಪ್ಪಿದರೆ ಮೇಷ್ಟ್ರ ಜೇಬಿಗೆ ಕತ್ತರಿ. ಅಂಥ ಕಡೆ ಮಗುವನ್ನ ಯಾವ ಕ್ಲಾಸಲ್ಲಿ ಕೂರಿಸಬೇಕು ಅನ್ನೋದರಲ್ಲಿ ಮಗುವಿನ ಹಿತ ಎಷ್ಟಿರುತ್ತೆ, ಯೋಚನೆ ಮಾಡಿ.

ಇನ್ನು ನಮ್ಮಂಥವರ ಮಕ್ಕಳಿಗೆ ಯಾವ ಕ್ಲಾಸು ಅನ್ನೋ ಪ್ರಶ್ನೆಯೇ ಅಲ್ಲಿ ಹೆಚ್ಚುಕಮ್ಮಿ ಹುಟ್ಟುತ್ತಿರಲಿಲ್ಲ. 1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ ಹಡಗಿಳಿದವನಿಗೆ ಅಧಿಕಾರಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. ಸ್ಕೂಲಲ್ಲಿ ನಾವು ಬರೀತಿದ್ವಲ್ಲ, ಅದೇ. ಯಾವ ಐರೋಪ್ಯ ಭಾಷೆಯಲ್ಲಿ ಅನ್ನೋದು ಅಧಿಕಾರಿಯ ಇಷ್ಟ. ಇಂಗ್ಲಿಷ್ ಬಂದರೆ ಬೇರೆ ಭಾಷೆಯಲ್ಲಿ ಓದಿ ಹೇಳಿದರಾಯಿತು. ಎಗಾನ್ ಕಿಶ್ ಅನ್ನೋ ಪತ್ರಕರ್ತನಿಗೆ ಹಲವು ಭಾಷೆ ಬರ್ತಿದ್ದದ್ದರಿಂದ 1934ರಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು. ಕೊನೆಗೆ ಅಲ್ಲಿನ ಹೈಕೋರ್ಟೇ ಅದು ನಡೆಯಲ್ಲ ಅಂತು. ನಮ್ಮ ಮೇಷ್ಟ್ರು ಒಳಗೆ ಬಿಡೋಕೆ ಅಂತ ಬೆರಳು ಎಳೆದರು, ಇವರು ಹೊರಗೆ ಇಡೋಕೆ ಅಂತ ಭಾಷೆ ಬದಲಾಯಿಸಿದರು. ಎರಡೂ ಕಡೆ ಪರೀಕ್ಷೆ ನೆಪ. ಈ ಉಕ್ತಲೇಖನ ನಿಂತದ್ದು 1958ರಲ್ಲಿ. 1966ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, 1973ರಲ್ಲಿ ವಿಟ್ಲಮ್ ಸರ್ಕಾರ ಬಣ್ಣ ನೋಡಿ ವೀಸಾ ಕೊಡೋ ನೀತಿಯನ್ನ ಮುಗಿಸಿತು.

ಅದಕ್ಕೆ ಮೊದಲು, ಎರಡನೇ ಮಹಾಯುದ್ಧ ಮುಗಿದ ಮೇಲೆ, ಇಟಲಿ, ಗ್ರೀಸ್ ಕಡೆಯ ಮಕ್ಕಳು ಹಡಗು ಹಡಗಾಗಿ ಬಂದಿದ್ದರು. ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲದ ಮಕ್ಕಳನ್ನ ಸುಮ್ಮನೆ ಕ್ಲಾಸಿನಲ್ಲಿ ಕೂರಿಸಿದರು, ತಾನಾಗೇ ಕಲೀತಾರೆ ಅಂತ. ಭಾಷೆ ಬಾರದ್ದನ್ನೇ ಬುದ್ಧಿ ಇಲ್ಲ ಅಂತ ತಿಳಿದು ಕೆಳಗಿನ ಕ್ಲಾಸಿಗೆ ಹಾಕಿದ್ದೂ ಉಂಟು. ವಲಸೆ ಬಂದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋ ಕೇಂದ್ರ ಸರ್ಕಾರದ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಈಗ ಮೆಲ್ಬರ್ನ್‌ನಲ್ಲಿ ಹೊಸದಾಗಿ ಬಂದ ಮಕ್ಕಳಿಗೆ ಇಂಗ್ಲಿಷ್ ಭಾಷಾ ಶಾಲೆಗಳೇ ಇವೆ. ವಯಸ್ಸಿಗೆ ತಕ್ಕ ಕ್ಲಾಸು, ಕಮ್ಮಿ ಇದ್ದರೆ ಪಕ್ಕದಲ್ಲಿ ಸಹಾಯ. ಈ ಮಾತಿಗೆ ಅವರು ಬರೋಕೆ ನೂರು ವರ್ಷ ಹಿಡಿಯಿತು.

ನಾವೂ ಅಲ್ಲಿಗೇ ಬಂದಿದ್ದೀವಿ, ಕಾಗದದಲ್ಲಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಆರು ದಾಟಿಯೂ ಶಾಲೆಗೆ ಬಾರದ ಮಗುವನ್ನ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ ಅನ್ನುತ್ತೆ. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸಬೇಡಿ ಅಂತಲೂ ಅದೇ ಕಾಯ್ದೆ ಹೇಳುತ್ತೆ. ಆದರೂ ವಯಸ್ಸಿನ ಗೆರೆಯ ಹತ್ತಿರ ನಮ್ಮ ಒದ್ದಾಟ ನಿಂತಿಲ್ಲ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅಂತ ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿ, 2025-26ರಿಂದ ಜಾರಿ ಅಂದಿತು. ತಂದೆತಾಯಿಗಳು ಗಲಾಟೆ ಮಾಡಿದ ಮೇಲೆ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲಿಸಿತು. ಯುಕೆಜಿ ಮುಗಿಸಿದ ಮಗು ‘ಒಂದು ವರ್ಷ ಹಿಂದೆ ಬೀಳುತ್ತೆ’ ಅನ್ನೋದೇ ಎಲ್ಲರ ಭಯ. ಯಾರಿಗಿಂತ ಹಿಂದೆ ಅಂತ ಯಾರೂ ಕೇಳಲಿಲ್ಲ.

ನಾನು ಹದಿನೈದು ತಿಂಗಳು ಮುಂದೆ ಬಿದ್ದವನು. ಅದರ ರುಚಿ ಹೇಳ್ತೀನಿ ಕೇಳಿ. ಏಳನೇ ಕ್ಲಾಸಿನವರೆಗೆ ಸಾಲಿನಲ್ಲಿ ಮೊದಲು ನಿಲ್ಲೋ ಗಿಡ್ಡ ನಾನೇ. ಕಬಡ್ಡಿಗೆ ಯಾರೂ ಸೇರಿಸಿಕೊಳ್ತಿರಲಿಲ್ಲ. ಭಿನ್ನರಾಶಿ ಎರಡು ವರ್ಷ ತಲೆಗೆ ಹತ್ತಲಿಲ್ಲ, ನಾನು ದಡ್ಡ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅದು ವಯಸ್ಸಿನ ವಿಷಯ ಅಂತ ಹೊಳೆದದ್ದು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಸುಳ್ಳು ತಾರೀಕು ಎಸ್ಸೆಸ್ಸೆಲ್ಸಿ ಕಾರ್ಡಿಗೆ ಹೋಯ್ತು, ಅಲ್ಲಿಂದ ಪಾಸ್‌ಪೋರ್ಟಿಗೆ. 2021ರ ಶುರುವಿನಲ್ಲಿ ಆಸ್ಟ್ರೇಲಿಯಾದ ಪಿಆರ್ ವೀಸಾಗೆ ಮೊದಲ ಸಲ ಅಂಕ ಹಾಕಿದೆ. ಅಲ್ಲಿ ವಯಸ್ಸಿಗೂ ಮಾರ್ಕ್ಸು. 25ರಿಂದ 32ರವರಿಗೆ 30 ಅಂಕ, 33 ದಾಟಿದರೆ 25. ನನಗೆ ನಿಜವಾಗಿ 32, ಕಾಗದದಲ್ಲಿ 33. ಐದು ಅಂಕ ಹೋಯ್ತು, ಆ ಸಲ ಕರೆ ಬರಲಿಲ್ಲ. ಮೇಷ್ಟ್ರ ಮೇಲೆ ಒಂದು ಗಳಿಗೆ ಸಿಟ್ಟು ಬಂತು. ಅಕ್ಕನ ಫೋನ್ ಬಂದಾಗ ಹೋಯ್ತು.

ಮೇಷ್ಟ್ರು ತಪ್ಪು ಬರೆದದ್ದು ನನ್ನ ಬುದ್ಧಿ ನೋಡಿ ಅಲ್ಲ, ನಮ್ಮ ಮನೆ ಪರಿಸ್ಥಿತಿ ನೋಡಿ. ಅದಕ್ಕೊಂದು ಕಾರಣ ಇತ್ತು. ನಮ್ಮ ಮಗಳನ್ನ ಒಂದು ಕ್ಲಾಸು ಮೇಲೆ ತಳ್ಳಿ ಅಂತ ಮೆಲ್ಬರ್ನ್ ಶಾಲೆಗೆ ಇಮೇಲ್ ಬರೆಯೋಕೆ ನಮಗೆ ಯಾವ ಕಾರಣ ಇದೆ? ಪಕ್ಕದ ಮನೆಯವರ ಮಗಳು ಸಿಡ್ನಿಯಲ್ಲಿ ಮೇಲಿನ ಕ್ಲಾಸಲ್ಲಿದ್ದಾಳೆ ಅನ್ನೋದು ಬಿಟ್ಟರೆ ಇನ್ನೇನೂ ಇಲ್ಲ. ಇದನ್ನ ಹೇಳಿದ ರಾತ್ರಿ ಹೆಂಡತಿ ಸುಮ್ಮನೆ ಕೇಳಿಸಿಕೊಂಡಳು. ಬೆಳಿಗ್ಗೆ ಎದ್ದು ‘ಇಮೇಲ್ ಬೇಡ’ ಅಂದಳು.

ಈಗ ಸೂಟ್‌ಕೇಸಿನ ಪಕ್ಕ ಒಂದು ಪ್ಲಾಸ್ಟಿಕ್ ಫೋಲ್ಡರ್ ಇದೆ. ಅದರಲ್ಲಿ ಮೈಸೂರು ಮಹಾನಗರ ಪಾಲಿಕೆಯ ಜನನ ಪ್ರಮಾಣಪತ್ರ ಇದೆ, ತಾರೀಕು ನಿಜವಾದದ್ದೇ. ಲಸಿಕೆ ಬರೆದ ತಾಯಿ ಕಾರ್ಡ್ ಇದೆ. ಅಲ್ಲಿ ಹೋದ ಮೇಲೆ ಅದನ್ನ ತೋರಿಸಿ ಅವರ ಲಸಿಕೆ ರಿಜಿಸ್ಟರಿಗೆ ಹತ್ತಿಸಬೇಕು, ಶಾಲೆಗೆ ಸೇರಿಸುವಾಗ ಆ ದಾಖಲೆ ಕೇಳ್ತಾರೆ. ಬಾಡಿಗೆ ಮನೆಯ ವಿಳಾಸ ಯಾವ ಸರ್ಕಾರಿ ಶಾಲೆಯ ಗಡಿಯೊಳಗೆ ಬರುತ್ತೋ ಆ ಶಾಲೆಯಲ್ಲಿ ಸೀಟು. ಟಿಸಿಯನ್ನೂ ಇಟ್ಟಿದ್ದೀವಿ, ಅವರು ಕೇಳದಿದ್ದರೂ. ಮಾರ್ಚಿನಲ್ಲಿ ಮೂರನೇ ಕ್ಲಾಸಿನವರಿಗೆ ದೇಶಾದ್ಯಂತ ನಾಪ್ಲಾನ್ ಅಂತ ಒಂದು ಪರೀಕ್ಷೆ ಇರುತ್ತೆ. ಅದರಲ್ಲಿ ಪಾಸು ಫೇಲು ಇಲ್ಲ ಅಂತ ಮಗಳಿಗೆ ಹೇಳಿದೆ. ‘ಮತ್ತೆ ಯಾಕೆ ಬರೀಬೇಕು?’ ಅಂದಳು.

ಮೊನ್ನೆ ಊರಿಗೆ ಹೇಳಿಬರೋಕೆ ಹೋಗಿದ್ದೆವು. ಅವ್ವ ಮೊಮ್ಮಗಳನ್ನ ಜಗಲಿ ಮೇಲೆ ನಿಲ್ಲಿಸಿಕೊಂಡು, ಕಿವಿ ಮುಟ್ಟು ನೋಡೋಣ ಅಂದಳು. ಮುಟ್ಟಿದಳು, ಸಲೀಸಾಗಿ. ‘ಸರಿ, ಒಂದ್ನೇ ಕ್ಲಾಸಿಗೆ ಹಾಕ್ಬೌದು’ ಅಂದಳು ಅವ್ವ.